ನೀವು ಹೊಲಕ್ಕ ಬಂದಿದ್ರೇನ್ರಿ?

ಸಮುದಾಯ ಭವನದ ಮೇಜಿನ ಮೇಲೆ ಅಜ್ಜ ನಾಲ್ಕು ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟರು. ಬೆಳೆಗೆ ಹೊಡೆಯುವ ಟಾನಿಕ್‌ನ ಲೀಟರಿನ ಬಾಟಲಿಗಳು, ನಾನು ಸೇಲ್ಸ್ ಆಫೀಸರ್ ಆಗಿರುವ ಕೃಷಿ ಔಷಧಿ ಕಂಪನಿಯವು. ಆರ್‌ಎಂ (ರೀಜನಲ್ ಮ್ಯಾನೇಜರ್) ಮೈಕ್ ಹಿಡಿದು ಆರನೇ ಸ್ಲೈಡ್‌ನಲ್ಲಿದ್ದರು. ಎಂಬತ್ತು ಜನ ರೈತರಿದ್ದರು, ಗಿರಮಿಟ್ ಮಿರ್ಚಿ ಅರ್ಧ ಮುಗಿದಿತ್ತು. ತಿನ್ನುತ್ತಿದ್ದವರ ಕೈಗಳು ಹಾಗೇ ನಿಂತವು.

ಆ ನಾಲ್ಕೂ ಬಾಟಲಿ ಮಾರಿದವನು ನಾನೇ.

2024ರ ಮುಂಗಾರು ಅದು. ಅದರ ಹಿಂದಿನ ವರ್ಷ ಬರ, ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. ರಾಣೆಬೆನ್ನೂರು ನನ್ನ ಹೆಡ್‌ಕ್ವಾರ್ಟರ್. ಹಿರೇಕೆರೂರು, ರಟ್ಟೀಹಳ್ಳಿ, ಬ್ಯಾಡಗಿ ನನ್ನ ಟೆರಿಟರಿ. ಬರದ ವರ್ಷದ ಟಾನಿಕ್ ಸ್ಟಾಕ್ ಡೀಲರ್‌ಗಳ ಅಂಗಡಿಯಲ್ಲೇ ಕೂತಿತ್ತು. ಅದರ ಮೇಲೆ ಮೇ ತಿಂಗಳಲ್ಲಿ ಕಂಪನಿಯವರು ಸ್ಕೀಮ್ ಕೊಟ್ಟು ಅದೇ ಅಂಗಡಿಗಳಿಗೆ ಮತ್ತಷ್ಟು ಮಾಲು ತುಂಬಿಸಿದರು. ಸಮುದ್ರ ಪಾಚಿಯ ಟಾನಿಕ್, ಆ ವರ್ಷದ ಫೋಕಸ್ ಪ್ರಾಡಕ್ಟ್. ಸೋಮವಾರದ ಕಾಲ್‌ನಲ್ಲಿ ಮಳೆ ಹೇಗಿದೆ, ಬೆಳೆ ಹೇಗಿದೆ ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಲಿಕ್ವಿಡೇಶನ್ (ಅಂಗಡಿಯಿಂದ ರೈತರಿಗೆ ಮಾರಾಟ) ಎಷ್ಟಾಯಿತು, ಅದೊಂದೇ ಪ್ರಶ್ನೆ.

ಜುಲೈ ಮೂರನೇ ವಾರ, ಎಡೆಬಿಡದ ಮಳೆ. ಹಿರೇಕೆರೂರು ಕಡೆಯ ಒಂದು ಹಳ್ಳಿಯ ಅಂಗಡಿಯಲ್ಲಿ ಕೂತಿದ್ದೆ. ಅಜ್ಜ ಟವೆಲಿನಲ್ಲಿ ಸುತ್ತಿ ತಂದ ಗೋವಿನಜೋಳದ ಎಲೆಗಳನ್ನು ಕೌಂಟರ್ ಮೇಲೆ ಬಿಚ್ಚಿದರು.

"ಸಾಹೇಬ್ರ, ಕೆಳಗಿನ ಎಲಿ ಹಳದಿ ಆಗಾಕತ್ತಾವ. ಹೊಲದಾಗ ನೀರು ನಿಂತೈತಿ. ಯೂರಿಯಾ ಹಾಕ್ಲೇನ್ರಿ?"

ಎಲೆಯ ತುದಿಯಿಂದ ನಡುನರದಗುಂಟ ಹಳದಿ ಒಳಗಿಳಿದು ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕಾಣುತ್ತಿತ್ತು. ಸಾರಜನಕದ ಕೊರತೆ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಬಿಎಸ್ಸಿ ಅಗ್ರಿಯ ಎರಡನೇ ವರ್ಷದಲ್ಲೇ ಚಿತ್ರ ಬರೆದು ಅಂಕ ತೆಗೆದುಕೊಂಡವನು ನಾನು. ನೀರು ನಿಂತ ನೆಲದಲ್ಲಿ ಬೇರಿಗೆ ಉಸಿರಿರುವುದಿಲ್ಲ, ಇರುವ ಸಾರಜನಕವೂ ಗಾಳಿಯಾಗಿ ಹಾರಿಹೋಗುತ್ತದೆ, ಬಸಿದು ಕೆಳಗಿಳಿಯುತ್ತದೆ. ಅಜ್ಜ ಲಕ್ಷಣವನ್ನೂ ಹೇಳಿದ್ದರು, ಕಾರಣವನ್ನೂ ಹೇಳಿದ್ದರು, ಔಷಧಿಯನ್ನೂ ತಾವೇ ಹೇಳಿದ್ದರು. ನಾನು ಮಾಡಬೇಕಿದ್ದದ್ದು "ಮೊದಲು ನೀರು ಬಸಿದುಹೋಗಲಿ, ಆಮೇಲೆ ಯೂರಿಯಾ ಹಾಕಿ" ಅನ್ನುವುದಷ್ಟೇ.

ನಾನು ಹೇಳಿದ್ದು ಇದು: "ಬೆಳಿ ಸ್ಟ್ರೆಸ್‌ನಾಗ ಐತ್ರಿ ಅಜ್ಜಾರ. ಈ ಮಳ್ಯಾಗ ಯೂರಿಯಾ ಹಾಕಿದ್ರ ಹರಕೊಂಡು ಹೋಗತೈತಿ. ಇದನ್ನ ಎರಡು ಸಲ ಹೊಡೀರಿ, ಹಸರಾಗತೈತಿ."

"ಖರೇನ?"

"ಖರೇ ರೀ."

ಮಳೆಯಲ್ಲಿ ಯೂರಿಯಾ ಹರಿದುಹೋಗುತ್ತದೆ ಅನ್ನುವುದು ಸುಳ್ಳಲ್ಲ, ಅದಕ್ಕೇ ಅದು ಹೆಚ್ಚು ಕೆಟ್ಟದ್ದು. ನಿಜದ ಒಂದು ತುಂಡನ್ನು ಮುಂದಿಟ್ಟು ಉಳಿದದ್ದನ್ನು ಮುಚ್ಚಿದೆ. ಯೂರಿಯಾ 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ, ಅದರಲ್ಲಿ ಡೀಲರಿಗೆ ಚೀಲಕ್ಕೆ 20 ರೂಪಾಯಿಯೂ ಉಳಿಯುವುದಿಲ್ಲ, ಸಾಲದ್ದಕ್ಕೆ ಪಿಓಎಸ್ ಬಿಲ್ಲಿಂಗ್ ಮಷಿನ್ನು, ಹೆಬ್ಬೆಟ್ಟು, ಸರ್ವರ್ ಗೋಳು. ನಮ್ಮ ಟಾನಿಕ್ ಲೀಟರಿಗೆ 900 ರೂಪಾಯಿ. ನಾಲ್ಕು ಎಕರೆ, ಎರಡು ಸಲ, ನಾಲ್ಕು ಲೀಟರ್, 3600 ರೂಪಾಯಿ. ಅಜ್ಜನ ಉದ್ರಿ ಖಾತೆಗೆ ಬಿತ್ತು. ನಾನು ಆ್ಯಪ್‌ನಲ್ಲಿ ಎಂಟ್ರಿ ಮಾಡಿ, ಅಜ್ಜನ ಕೈಗೆ ಬಾಟಲಿ ಕೊಟ್ಟು ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಟಿಎಂ (ಟೆರಿಟರಿ ಮ್ಯಾನೇಜರ್) ಅದಕ್ಕೆ ಹೆಬ್ಬೆರಳಿನ ಲೈಕ್ ಒತ್ತಿದರು.

ಮೂರು ವಾರದ ನಂತರ ಅದೇ ಊರಿನಲ್ಲಿ ರೈತರ ಮೀಟಿಂಗ್. ಆರ್‌ಎಂ ಬರುತ್ತಾರೆಂದು ಎರಡು ದಿನದಿಂದ ತಯಾರಿ. ಅಜ್ಜ ಹಿಂದಿನ ಸಾಲಿನಿಂದ ಎದ್ದು ಬಂದಾಗ ಅವರು ಹೊಗಳುತ್ತಾರೆ ಅಂತಲೇ ನಾನು ನಂಬಿದ್ದೆ. ಮೈಕ್ ಅವರ ಕೈಗೆ ಕೊಡಿ ಅಂತ ಎಂಡಿಓ (ಮಾರ್ಕೆಟ್ ಡೆವಲಪ್‌ಮೆಂಟ್ ಆಫೀಸರ್) ಹುಡುಗನಿಗೆ ಸನ್ನೆ ಮಾಡಿದವನೂ ನಾನೇ.

"ಇವು ನಿಮ್ಮ ಬಾಟ್ಲಿ ಹೌದಲ್ರಿ? ನೀವ ಹೇಳಿದಂಗ ಎರಡು ಸಲ ಹೊಡದೀನಿ. ಏನೂ ಆಗಿಲ್ಲ. ಇದು ಏನ್ ಕೆಲಸ ಮಾಡತೈತಿ ಅಂತ ಎಲ್ಲಾರ ಮುಂದ ಒಂದೀಟು ಹೇಳ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದರು.

ನನ್ನ ಬಾಯಿಂದ ಟ್ರೇನಿಂಗಿನಲ್ಲಿ ಕಲಿತದ್ದೇ ಬಂತು. ಕಂಪ್ಲೇಂಟ್ ಬಂದರೆ ಡೋಸ್ ಕೇಳು, ಮಳೆ ಕೇಳು, ನೀರು ಕೇಳು.

"ಒಂದು ಪಂಪಿಗೆ ಎಷ್ಟು ಹಾಕಿದ್ರಿ ಅಜ್ಜಾರ?"

"16 ಲೀಟರಿನ ಪಂಪಿಗೆ 32 ಎಂಎಲ್. ಮೊಮ್ಮಗಳು ಅಳತಿ ಮಾಡಿ ಕೊಟ್ಟಾಳ."

ಸರಿಯಾದ ಡೋಸ್.

"ಹೊಡದ ಮ್ಯಾಲೆ ಮಳಿ ಆತೇನ್ರಿ?"

"ಇಲ್ರಿ. ವರಪು ಕೊಟ್ಟಾಗ ನೋಡೇ ಹೊಡದೀನಿ. ಎರಡು ದಿನ ಹನಿ ಬಿದ್ದಿಲ್ಲ."

"ನೀರು ಬೋರಿಂದೇನ್ರಿ? ಉಪ್ಪಿನ ಅಂಶ ಇದ್ರ..."

"ಕೆರಿ ನೀರು."

ಮೂರೂ ಪ್ರಶ್ನೆಗಳು ಕೃಷಿ ಓದಿದವನು ಕೇಳಲೇಬೇಕಾದವು. ಆದರೆ ಆ ಹೊತ್ತಿನಲ್ಲಿ ನಾನು ಅವನ್ನು ಕೇಳಿದ್ದು ಅಜ್ಜನ ತಪ್ಪು ಹುಡುಕಲಿಕ್ಕೆ. ಅದು ನನಗೆ ಗೊತ್ತಿತ್ತು, ಅಜ್ಜನಿಗೂ ಗೊತ್ತಾಗಿತ್ತು. ಮೂರನೆಯ ಉತ್ತರದ ಹೊತ್ತಿಗೆ ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಡೀಲರ್ ನೆಲ ನೋಡುತ್ತಿದ್ದರು. ಪ್ರೊಜೆಕ್ಟರಿನ ಬೆಳಕು ಅಜ್ಜನ ಬಿಳಿ ಅಂಗಿಯ ಮೇಲೆ ಬಿದ್ದು, ನಮ್ಮ ಸ್ಲೈಡಿನ ಹಸಿರು ಗೋವಿನಜೋಳದ ಚಿತ್ರ ಅವರ ಎದೆಯ ಮೇಲೆಯೇ ಮೂಡಿತ್ತು.

"ನಮ್ಮ ಬದುವಿನ ಆ ಕಡೆ ಹೊಲದಾಂವ ನಿಮ್ಮ ಎಣ್ಣಿ ಹೊಡದಿಲ್ಲ. ಬಸಿಗಾಲುವಿ ತೆಗದ, ನೀರು ಬಸದ ಮ್ಯಾಲೆ ಎಕರೆಕ್ಕ ಒಂದು ಚೀಲ ಯೂರಿಯಾ ಹಾಕಿದ. ಅವನ ಬೆಳಿ ಕರ್ರಗ ಐತಿ. ನಾನೂ ಅದನ್ನ ಕೇಳಿದ್ದೆ ನಿಮ್ಗ." ಸ್ವಲ್ಪ ತಡೆದು, "ನೀವು ಹೊಲಕ್ಕ ಬಂದಿದ್ರೇನ್ರಿ?"

ಆರ್‌ಎಂ ಮೈಕ್ ಕಡೆ ಕೈಚಾಚಿ, "ಯಜಮಾನ್ರೆ, ಮೀಟಿಂಗ್ ಮುಗಿದ ಮೇಲೆ ಕೂತು ಮಾತಾಡೋಣ" ಅಂದರು. ಅಜ್ಜ ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು.

"ಬಂದಿಲ್ರಿ ಅಜ್ಜಾರ. ನೋಡದ ಹೇಳಿದೆ, ತಪ್ಪಾತು. ನಾಳೆ ಮುಂಜಾನೆ ಬರ್ತೀನಿ."

ಇಷ್ಟು ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅದಕ್ಕೆ ಮೊದಲಿನ ಐದು ನಿಮಿಷ ಇಂದಿಗೂ ನನ್ನನ್ನು ಬಿಟ್ಟಿಲ್ಲ. ರಾಣೆಬೆನ್ನೂರಿನವರೆಗೆ ಕಾರಿನಲ್ಲಿ ಆರ್‌ಎಂ ಮಾತಾಡಲಿಲ್ಲ. ಇಳಿಯುವಾಗ, "ಪಬ್ಲಿಕ್ಕಾಗಿ ಒಪ್ಪಿಕೊಳ್ಳೋ ಅವಶ್ಯಕತೆ ಇರಲಿಲ್ಲ" ಅಂದರು.

ಮರುದಿನ ಏಳು ಗಂಟೆಗೆ ಹೊಲದಲ್ಲಿದ್ದೆ. ಎರೆ ಹೊಲ, ಕೆಳಗಿನ ಅರ್ಧ ತಗ್ಗು. ಗಿಡ ಕಿತ್ತು ನೋಡಿದರೆ ಬೇರು ಕಂದಾಗಿ ಕೊಳೆತ ವಾಸನೆ ಹೊಡೆಯುತ್ತಿತ್ತು. ಉಸಿರಾಡದ ಬೇರಿನ ಗಿಡಕ್ಕೆ ಎಲೆಯ ಮೇಲಿಂದ ಪಾಚಿಯ ರಸ ಕುಡಿಸಿದ್ದೆವು. ಟಾನಿಕ್ ಅನ್ನುವುದೇ ಮೋಸ ಅಂತ ನಾನು ಹೇಳುವುದಿಲ್ಲ. 2021ರಿಂದ ಇಂಥ ಜೈವಿಕ ಉತ್ತೇಜಕಗಳೂ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬಂದಿವೆ, ಸರಿಯಾದ ಹೊತ್ತಿಗೆ ಬಳಸಿದ ಕಡೆ ಫಲ ಕೊಟ್ಟದ್ದನ್ನು ಕಂಡಿದ್ದೇನೆ. ಆದರೆ ಅದು ಗೊಬ್ಬರಕ್ಕೆ ಬದಲಿಯಲ್ಲ, ಬಸಿಗಾಲುವೆಗೆ ಬದಲಿಯಂತೂ ಅಲ್ಲವೇ ಅಲ್ಲ.

ನೀರು ನಿಲ್ಲದ ಮೇಲಿನ ಅರ್ಧದಲ್ಲಿ ಬೇರೆಯದೇ ಕಥೆ. ಎಳೆ ಎಲೆಗಳ ನಡುನರದ ಎರಡೂ ಬದಿಗೆ ಬಿಳಿಚಿದ ಪಟ್ಟಿಗಳು. ಜಿಂಕ್ (ಸತು) ಕೊರತೆ. "ಮಣ್ಣು ಪರೀಕ್ಷೆ ಮಾಡಿಸೀರೇನ್ರಿ?" ಅಂದೆ. ಮನೆಗೆ ಕರೆದುಕೊಂಡು ಹೋಗಿ ಟ್ರಂಕಿನಿಂದ ಮಣ್ಣು ಆರೋಗ್ಯ ಚೀಟಿ ತೆಗೆದು ಕೊಟ್ಟರು. ಸತುವಿನ ಮುಂದೆ 'ಕಡಿಮೆ' ಅಂತ ಅಚ್ಚಾಗಿತ್ತು. 2015ರಲ್ಲಿ ಶುರುವಾದ ಯೋಜನೆ. ಅದಕ್ಕೂ ಮೊದಲೇ, 2009ರಿಂದ, ರಾಜ್ಯ ಸರ್ಕಾರದ ಭೂಚೇತನ ಯೋಜನೆಯಲ್ಲಿ ಹಳ್ಳಿಹಳ್ಳಿಯ ಮಣ್ಣು ಪರೀಕ್ಷಿಸಿ ಸತು, ಬೋರಾನ್, ಗಂಧಕದ ಕೊರತೆ ತೋರಿಸಿಕೊಟ್ಟಿದ್ದರು. ಉತ್ತರ ಅಜ್ಜನ ಟ್ರಂಕಿನಲ್ಲೇ ಇತ್ತು. ಇಷ್ಟು ವರ್ಷ ಅಂಗಡಿ ಕೌಂಟರಿಗೆ ಆನಿಕೊಂಡು ನಿಂತ ನಾನು ಒಬ್ಬ ರೈತರನ್ನೂ ಆ ಚೀಟಿ ಕೇಳಿರಲಿಲ್ಲ.

ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದರ ಅರ್ಧ ಸುಣ್ಣ ಸೇರಿಸಿ ಸಿಂಪಡಿಸಿ. ನೀರು ಬಸಿದ ಮೇಲೆ ಯೂರಿಯಾ. ಮುಂದಿನ ಸಲ ಬಿತ್ತುವಾಗಲೇ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಅಂತ ಬರೆದುಕೊಟ್ಟೆ. ಇವುಗಳಲ್ಲಿ ಯಾವುದನ್ನೂ ನಮ್ಮ ಕಂಪನಿ ಮಾರುವುದಿಲ್ಲ. ಸೂಲಂಗಿ (ಗಂಡು ಹೂಗೊನೆ) ಮೂಡುವ ಹೊತ್ತು ಬಂದಿತ್ತು, ಅರ್ಧ ಅವಕಾಶ ಆಗಲೇ ಕೈತಪ್ಪಿತ್ತು.

ಇದು ನನಗೆ ಗೊತ್ತಿಲ್ಲದ ಪಾಠವೂ ಆಗಿರಲಿಲ್ಲ. 2018ರಲ್ಲಿ ನಾನು ಹೊಸ ಎಂಡಿಓ. ಆ ಮುಂಗಾರಿನಲ್ಲೇ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲ ಬಾರಿಗೆ ಶಿವಮೊಗ್ಗದ ಕಡೆ ಕಾಣಿಸಿಕೊಂಡು ನಮ್ಮ ಸೀಮೆಗೂ ನುಗ್ಗಿತು. ಜನ ಲದ್ದಿ ಹುಳ ಅಂತ ಕರೆದರು. ಯಾರು ಏನು ಹೊಡೆದರೂ ಸಾಯುತ್ತಿರಲಿಲ್ಲ, ಯಾಕೆಂದರೆ ಎಲ್ಲರೂ ಎಲೆಯ ಮೇಲೆ ಹೊಡೆಯುತ್ತಿದ್ದರು, ಹುಳ ಸುಳಿಯೊಳಗೆ ತನ್ನ ಲದ್ದಿಯ ಮರೆಯಲ್ಲಿ ಕೂತಿರುತ್ತಿತ್ತು. ಎಮಾಮೆಕ್ಟಿನ್ ಕೀಟನಾಶಕ ಲೀಟರ್ ನೀರಿಗೆ 0.4 ಗ್ರಾಂ, ಸಂಜೆ ಹೊತ್ತು, ನಾಜಲ್ ನೇರ ಸುಳಿಗೆ ಹಿಡಿದು. ಇದನ್ನು ಸಾಲುಸಾಲು ನಡೆದು ನಾನೇ ಪಂಪ್ ಹೊತ್ತು ತೋರಿಸಿದೆ. ಬೇರೆ ಕಂಪನಿಯ ಪುಡಿ ತಂದವರಿಗೂ ತೋರಿಸಿದೆ, ಆಗ ನನ್ನ ತಲೆ ಮೇಲೆ ಟಾರ್ಗೆಟ್ ಇರಲಿಲ್ಲ. ಮರುವರ್ಷ ಅದೇ ಊರುಗಳಲ್ಲಿ ನಮ್ಮ ಬ್ರ್ಯಾಂಡ್ ಹೆಸರು ಹೇಳಿ ಕೇಳಿ ಒಯ್ದರು. ಆ ಮಾರಾಟದ ಬಲದ ಮೇಲೆಯೇ ನನಗೆ ಸೇಲ್ಸ್ ಆಫೀಸರ್ ಹುದ್ದೆ ಬಂತು. ಹುದ್ದೆ ಬಂದ ಮೇಲೆ ಹೊಲಕ್ಕೆ ಹೋಗುವುದನ್ನು ಬಿಟ್ಟೆ.

ಅಜ್ಜನ 3600 ರೂಪಾಯಿಗೆ ಕ್ರೆಡಿಟ್ ನೋಟ್ ಕೊಡಿ ಅಂತ ಮೇಲ್ ಹಾಕಿದೆ. ಬ್ಯಾಚ್‌ನಲ್ಲಿ ದೋಷವಿಲ್ಲ, ಸೀಲ್ ಒಡೆದ ಮಾಲಿಗೆ ಸೇಲ್ಸ್ ರಿಟರ್ನ್ ಇಲ್ಲ ಅಂತ ಉತ್ತರ ಬಂತು. ಬ್ಯಾಚ್‌ನಲ್ಲಿ ದೋಷವಿದೆ ಅಂತ ನಾನೆಲ್ಲಿ ಬರೆದಿದ್ದೆ? ನಮ್ಮ ಸಲಹೆಯಲ್ಲಿ ದೋಷವಿದೆ ಅಂತ ಬರೆದಿದ್ದೆ. ಅದಕ್ಕೆ ಅವರ ಫಾರ್ಮ್ಯಾಟಿನಲ್ಲಿ ಕಾಲಂ ಇಲ್ಲ. ಕೊನೆಗೆ ಡೀಲರ್ ತಮ್ಮ ಮಾರ್ಜಿನ್ ಬಿಟ್ಟರು, ಉಳಿದದ್ದನ್ನು ನಾನು ಕಟ್ಟಿ ಖಾತೆ ಚುಕ್ತಾ ಮಾಡಿಸಿದೆ. ಕಂಪನಿ ಕೊಡಬೇಕಿದ್ದ ಹಣ ಅದು, ಇಂದಿಗೂ ಹಾಗೇ ಅಂದುಕೊಂಡಿದ್ದೇನೆ.

ಆ ಆ್ಯಪ್ ಬಗ್ಗೆಯೂ ಹೇಳಲೇಬೇಕು. ದಿನಕ್ಕೆ ಹದಿನೈದು ರೈತರ ಭೇಟಿ, ಜಿಯೋಟ್ಯಾಗ್ ಫೋಟೊ ಕಡ್ಡಾಯ. ಹೆಸರು, ಮೊಬೈಲ್, ಎಕರೆ, ಕೊಟ್ಟ ಪ್ರಾಡಕ್ಟ್ ತುಂಬಬೇಕು. ಬೆಳೆಗೆ ಏನಾಗಿದೆ ಅಂತ ಬರೆಯಲು ಜಾಗವೇ ಇಲ್ಲ. ಒಂದು ಹೊಲ ಸರಿಯಾಗಿ ನೋಡಲು ಮುಕ್ಕಾಲು ಗಂಟೆ ಬೇಕು, ಹದಿನೈದು ಹೊಲ ಯಾವ ಮನುಷ್ಯ ನೋಡಿಯಾನು? ಹೀಗಾಗಿ ಎಲ್ಲರೂ ಅಂಗಡಿ ಮುಂದೆಯೇ ನಿಂತು ಸಂಖ್ಯೆ ತುಂಬುತ್ತೇವೆ. ಈ ಮಾತನ್ನು ರಿವ್ಯೂ ಮೀಟಿಂಗಿನಲ್ಲಿ ಎರಡು ಸಲ ಎತ್ತಿದ್ದೇನೆ, ಮತ್ತೆ ಎತ್ತುತ್ತೇನೆ. ನಾನೀಗ ದಿನಕ್ಕೆ ನಾಲ್ಕು ಹೊಲ ನೋಡುತ್ತೇನೆ. ಬೈಕಿನ ಬಾಕ್ಸಿನಲ್ಲಿ ಒಂದು ಸಣ್ಣ ಗುದ್ದಲಿ, ಒಂದು ನೋಟ್‌ಬುಕ್ಕು. ರೈತರ ಮಾತು ಬರೆದುಕೊಂಡು ಮುಗಿಯುವವರೆಗೆ ಬ್ಯಾಗಿನ ಜಿಪ್ ತೆರೆಯುವುದಿಲ್ಲ. ಆ ಊರಿನಲ್ಲಿ ಟಾನಿಕ್ ಮಾರಾಟ ಅರ್ಧಕ್ಕಿಳಿದಿದೆ, ಅದಕ್ಕೆ ಬೈಸಿಕೊಂಡಿದ್ದೇನೆ. ಕಳೆನಾಶಕ, ಕೀಟನಾಶಕ ಏರಿವೆ, ಅದನ್ನು ಯಾರೂ ಕೇಳಿಲ್ಲ.

ಸುಗ್ಗಿ ಮುಗಿದ ಮೇಲೆ ಲೆಕ್ಕ ಹೇಳಿದ್ದು ಅಜ್ಜನೇ. ಪಕ್ಕದ ಹೊಲದಲ್ಲಿ ಎಕರೆಗೆ 22 ಕ್ವಿಂಟಲ್, ತಮ್ಮದರಲ್ಲಿ 15. ಆ ವರ್ಷ ಬೆಂಬಲ ಬೆಲೆ 2225 ರೂಪಾಯಿ. ನಾಲ್ಕು ಎಕರೆಗೆ 28 ಕ್ವಿಂಟಲ್, 62,300 ರೂಪಾಯಿ. ನೀರು ನಿಂತದ್ದರ ಪಾಲೂ ಅದರಲ್ಲಿದೆ, ಎಲ್ಲವೂ ನನ್ನಿಂದಲೇ ಹೋಯಿತೆನ್ನಲಾರೆ. ನನ್ನ ಪಾಲು ಎಷ್ಟೆಂದು ಬಿಡಿಸಿ ಹೇಳಲೂ ಆಗುವುದಿಲ್ಲ. 3600 ಹಿಂದಿರುಗಿಸಿ ಕೈತೊಳೆದುಕೊಂಡೆ ಅಂದುಕೊಂಡಿದ್ದವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಮುಂಗಾರಿನಲ್ಲಿ, ಮೊದಲ ದೊಡ್ಡ ಮಳೆ ಆದ ಮರುದಿನ, ಅಜ್ಜ ಫೋನ್ ಮಾಡಿದರು. ಎಲೆ ಹಳದಿಯಾಗಿರಲಿಲ್ಲ. ಬಸಿಗಾಲುವೆ ತೋಡಿಸಿದ್ದೇನೆ, ಸರಿ ಇದೆಯೋ ಇಲ್ಲವೋ ನೋಡಿ ಹೇಳ್ರಿ ಅಂದರು. ಹೋದೆ. ಕೆಳಗಿನ ಮೂಲೆಯಲ್ಲಿ ನೀರು ಇನ್ನೂ ಮಡುಗಟ್ಟಿತ್ತು, ಅಲ್ಲಿ ಒಂದು ಗೇಣು ಆಳ ಸಾಲದಾಗಿತ್ತು. ಬಾಕ್ಸಿನಿಂದ ನನ್ನ ಗುದ್ದಲಿ ತಂದೆ, ಅಜ್ಜ ತಮ್ಮ ಸಲಿಕೆ ಹಿಡಿದರು. ಅರ್ಧ ತಾಸಿನಲ್ಲಿ ನೀರು ಹಳ್ಳದ ಕಡೆ ತಿರುಗಿತು.