ಸಮುದ್ರ ಕಾಯುವವರು ಯಾರು? ಒಂದು ಕ್ಲಾಸಿನಲ್ಲಿ ನಾನು ಕಲಿತದ್ದು

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಆಂತರಿಕ ಭದ್ರತೆಯ ಪಾಠ ಮಾಡುತ್ತೇನೆ. ಒಂಬತ್ತು ವರ್ಷ ಆಯ್ತು. ಅದರಲ್ಲಿ ಕರಾವಳಿ ಭದ್ರತೆ ಅಂತ ಒಂದು ಅಧ್ಯಾಯ ಬರುತ್ತದೆ. ಮೊದಲೆಲ್ಲ ಅದನ್ನು ಒಂದೇ ಗಂಟೆಯಲ್ಲಿ ಮುಗಿಸುತ್ತಿದ್ದೆ. ಬೋರ್ಡಿನ ಮೇಲೆ ಹೆಸರುಗಳ ಸಾಲು: ನೌಕಾಪಡೆ, ಕೋಸ್ಟ್ ಗಾರ್ಡ್, ಕರಾವಳಿ ಪೊಲೀಸ್, ಕಸ್ಟಮ್ಸ್, ಮೀನುಗಾರಿಕೆ ಇಲಾಖೆ, ಬಂದರು. ಎದುರಿಗೆ ಇಸವಿ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಟೆಸ್ಟಿನಲ್ಲಿ ಹಾಗೇ ಬರೆಯುತ್ತಿದ್ದರು, ನಾನು ಮಾರ್ಕ್ಸ್ ಹಾಕುತ್ತಿದ್ದೆ.

ಎರಡು ವರ್ಷದ ಹಿಂದೆ ಕೊಲ್ಹಾರ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಇಷ್ಟ ಮಂದಿ ಕಾಯಾಕ ಇದ್ರೂ ಆ ಉಗ್ರರು ಮುಂಬೈಗೆ ಹೆಂಗ ಬಂದ್ರುರಿ?"

ಗುಪ್ತಚರ ವೈಫಲ್ಯ ಅಂದೆ. ಪುಸ್ತಕದ ಉತ್ತರ. ಅವಳು ಸುಮ್ನೆ ಕೂತಳು. ಆದರೆ ಆ ಉತ್ತರ ನನಗೇ ಸಾಲಲಿಲ್ಲ. ರಾತ್ರಿ ಮತ್ತೆ ಎಲ್ಲ ತೆಗೆದು ಓದಿದೆ.

2008ರ ನವೆಂಬರ್. ಕರಾಚಿಯಿಂದ ಹೊರಟ ಹತ್ತು ಮಂದಿ ಉಗ್ರರು ನಡುಗಡಲಿನಲ್ಲಿ 'ಕುಬೇರ್' ಎಂಬ ಗುಜರಾತಿನ ಮೀನುಗಾರಿಕೆ ದೋಣಿಯನ್ನು ವಶಕ್ಕೆ ತಗೊಂಡರು. ಅಂದರೆ ಬಂದದ್ದು ನಮ್ಮದೇ ದೋಣಿ. ದೂರದಿಂದ ನೋಡಿದವರಿಗೆ ಅನುಮಾನ ಯಾಕೆ ಬರಬೇಕು? ಮುಂಬೈ ಹತ್ತಿರ ಬಂದ ಮೇಲೆ ರಬ್ಬರ್ ದೋಣಿಗೆ ಇಳಿದು ಕೊಲಾಬಾದ ಮೀನುಗಾರರ ಕೇರಿಯ ದಡ ಹತ್ತಿದರು. ಅವರ ದಾಳಿಯಲ್ಲಿ 166 ಜನ ಪ್ರಾಣ ಕಳೆದುಕೊಂಡರು.

ಮರುದಿನ ನೋಟ್ಸ್ ಮುಚ್ಚಿಟ್ಟು ಆರು ಜನರನ್ನು ಮುಂದೆ ಕರೆದೆ. ಒಬ್ಬೊಬ್ಬರ ಕೈಗೆ ಒಂದು ಚೀಟಿ, ಅದರಲ್ಲಿ ಒಂದು ಇಲಾಖೆಯ ಹೆಸರು. ಡಸ್ಟರ್ ತಗೊಂಡು ಹಿಂದಿನ ಬೆಂಚಿನ ಮೇಲಿಟ್ಟೆ. "ಇದು ಕುಬೇರ್. ಬಾಗಿಲೇ ಮುಂಬೈ. ಇದು ಯಾರ ದೋಣಿ, ಹೇಳಪ್ಪ ಮೀನುಗಾರಿಕೆ ಇಲಾಖೆ?"

"ನಮ್ಮ ರಿಜಿಸ್ಟರ್‌ದಾಗ ಐತ್ರಿ ಸರ್."

"ಆ ರಿಜಿಸ್ಟರ್ ಕೋಸ್ಟ್ ಗಾರ್ಡ್‌ಗೆ ಕೊಟ್ಟಿದ್ದೀಯಾ?"

"ಅವರು ಕೇಳಿಲ್ರಿ."

ಡಸ್ಟರನ್ನು ನಾಲ್ಕು ಬೆಂಚು ಮುಂದೆ ತಂದೆ. ಕೋಸ್ಟ್ ಗಾರ್ಡ್ ಆಗಿದ್ದ ಹುಡುಗ, "ದಂಡಿ ಹತ್ರ ಹೋತಲ್ರಿ, ಇನ್ನ ಪೊಲೀಸರದು" ಅಂದ. ಪೊಲೀಸ್ ಆಗಿದ್ದವಳು, "ನಮಗ್ಯಾರೂ ಹೇಳೇ ಇಲ್ರಿ" ಅಂದಳು. ಇಡೀ ಕ್ಲಾಸು ಗಪ್ಪಾಯಿತು. ಆ ಆರು ಜನರಲ್ಲಿ ಸೋಮಾರಿ ಒಬ್ಬರೂ ಇರಲಿಲ್ಲ. ಎಲ್ಲರೂ ತಂತಮ್ಮ ಚೀಟಿ ಸರಿಯಾಗಿಯೇ ಓದಿದ್ದರು. ಡಸ್ಟರ್ ಮಾತ್ರ ಬಾಗಿಲು ಮುಟ್ಟಿತ್ತು.

ಈ ಇಲಾಖೆಗಳೆಲ್ಲ ಒಂದೇ ಮನೆಯವಲ್ಲ. ನೌಕಾಪಡೆ, ಕೋಸ್ಟ್ ಗಾರ್ಡ್ ರಕ್ಷಣಾ ಮಂತ್ರಾಲಯದ ಕೆಳಗೆ. ಕಸ್ಟಮ್ಸ್ ಹಣಕಾಸಿನ ಕೆಳಗೆ. ಪೊಲೀಸ್ ರಾಜ್ಯಗಳ ಕೈಯಲ್ಲಿ. ದೊಡ್ಡ ಬಂದರುಗಳಿಗೆ ಬೇರೆಯೇ ಮಂತ್ರಾಲಯ. ನಡುವೆ ಯಾರು ಯಾರಿಗೆ ಹೇಳಬೇಕು ಅನ್ನೋದೇ ಪ್ರಶ್ನೆ.

ಎರಡನೇ ಸುತ್ತಿಗೆ 2009ರ ಬದಲಾವಣೆ ತಂದೆ. ಆ ಫೆಬ್ರವರಿಯಲ್ಲಿ ಕಡಲ ಭದ್ರತೆಯ ಒಟ್ಟು ಜವಾಬ್ದಾರಿಯನ್ನು ನೌಕಾಪಡೆಗೆ ಕೊಟ್ಟರು, ಕರಾವಳಿಯದ್ದೂ ಸೇರಿ. ದಡದಿಂದ 12 ನಾಟಿಕಲ್ ಮೈಲಿಯೊಳಗಿನ ನೀರಿಗೆ ಕೋಸ್ಟ್ ಗಾರ್ಡನ್ನು ಹೊಣೆ ಮಾಡಿದರು, ಪೊಲೀಸರು ಗಸ್ತು ತಿರುಗುವ ಭಾಗವೂ ಅದರಲ್ಲೇ ಬಂತು. ಸುಮಾರು 22 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮೂರಿಂದ ಬಬಲೇಶ್ವರದಷ್ಟು. ಮುಂಬೈ, ಕೊಚ್ಚಿ, ವಿಶಾಖಪಟ್ಟಣ, ಪೋರ್ಟ್ ಬ್ಲೇರ್‌ಗಳಲ್ಲಿ ಜಂಟಿ ಕಾರ್ಯಾಚರಣೆ ಕೇಂದ್ರಗಳು ಬಂದವು. ನೌಕಾಪಡೆಯ ಚೀಟಿ ಹಿಡಿದವನನ್ನು ಮಧ್ಯದಲ್ಲಿ ನಿಲ್ಲಿಸಿ, ಉಳಿದವರೆಲ್ಲ ಕಂಡದ್ದನ್ನು ಮೊದಲು ಅವನಿಗೆ ಹೇಳಬೇಕು ಅಂದೆ. ಈ ಸಲ ಡಸ್ಟರ್ ಅರ್ಧ ದಾರಿಯಲ್ಲೇ ಸಿಕ್ಕಿಬಿತ್ತು.

2014ರಲ್ಲಿ ಶುರುವಾದ ಮಾಹಿತಿ ಕೇಂದ್ರದ ವಿಷಯ ಹೇಳಿದಾಗ ಮಕ್ಕಳ ಮುಖ ಅರಳಿತು. ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನ 51 ಠಾಣೆಗಳ ಮಾಹಿತಿ ಬಂದು ಸೇರುವ ಆ ಕೇಂದ್ರ ಇರುವುದು ಗುರುಗ್ರಾಮದಲ್ಲಿ. ಅಲ್ಲೂ ನಮ್ಮಲ್ಲಿಯ ಹಾಗೆ ಸಮುದ್ರ ಇಲ್ಲ. "ಹಂಗಾದ್ರ ನಾವೂ ಕಾಯಬಹುದ್ರಿ" ಅಂದ ಒಬ್ಬ. ಹೌದಪ್ಪ, ಖಂಡಿತ ಅಂದೆ.

ಇಷ್ಟಾದರೂ ಎಲ್ಲ ಇಲಾಖೆಗಳನ್ನೂ ಕೂಡಿಸಿ ನೋಡುವ ಒಬ್ಬ ಅಧಿಕಾರಿ ಬರಲು ತಡವಾಯಿತು. ಕಾರ್ಗಿಲ್ ಯುದ್ಧದ ನಂತರ 2001ರಲ್ಲಿ ಮಂತ್ರಿಗಳ ಗುಂಪು ಕಡಲ ವಿಷಯಗಳಿಗೆ ಮೇಲ್ಮಟ್ಟದ ಒಂದು ಸಂಸ್ಥೆ ಬೇಕು ಅಂದಿತ್ತು. ರಾಷ್ಟ್ರೀಯ ಕಡಲ ಭದ್ರತಾ ಸಂಯೋಜಕರಾಗಿ ನಿವೃತ್ತ ವೈಸ್ ಅಡ್ಮಿರಲ್ ಜಿ. ಅಶೋಕ್ ಕುಮಾರ್ ನೇಮಕವಾದದ್ದು 2022ರ ಫೆಬ್ರವರಿಯಲ್ಲಿ. ಇಪ್ಪತ್ತು ವರ್ಷ ಅನ್ನೋದು ಬಹಳ ಜಾಸ್ತಿ ಆಯ್ತು, ಇದು ನನ್ನ ಅಭಿಪ್ರಾಯ. ಆ ಹುದ್ದೆ ಬಂದದ್ದು ಮಾತ್ರ ನನಗೆ ನಿಜವಾಗಿ ಖುಷಿ. ಇಲಾಖೆಗಳ ನಡುವೆ ಬಿದ್ದುಹೋಗುವ ಕೆಲಸವನ್ನು ಎತ್ತಿ ಹಿಡಿಯಲು ಒಬ್ಬರು ಬೇಕೇ ಬೇಕು.

ಆಟ ಮುಗಿಯಿತು ಅಂದುಕೊಂಡಾಗ ಆ ಕೊಲ್ಹಾರದ ಹುಡುಗಿ ಮತ್ತೆ ಕೈ ಎತ್ತಿದಳು. ಅವಳ ಅಪ್ಪ ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾರೆ. "ಸರ್, ಹೊಸಬರ ತೆಪ್ಪ ಬಂದ್ರ ನಮ್ಮಪ್ಪಗ ದೂರದಿಂದನ ಗೊತ್ತಾಗ್ತದ್ರಿ. ಹುಟ್ಟು ಹಾಕೂದು ನೋಡಿನ ಹೇಳ್ತಾನ. ಅಲ್ಲಿ ಮೀನುಗಾರರಿಗೆ ಚೀಟಿ ಯಾಕ ಕೊಡ್ಲಿಲ್ರಿ?"

ನಾನು ಆರು ಚೀಟಿ ಬರೆದಿದ್ದೆ. ಏಳನೆಯದು ಹೊಳೆದಿರಲೇ ಇಲ್ಲ. ಕೊಲಾಬಾದಲ್ಲಿ ಆ ರಾತ್ರಿ ಇಳಿದವರನ್ನು ಮೀನುಗಾರರು ನೋಡಿದ್ದರು, ಯಾರು ನೀವು ಅಂತ ಕೇಳಿಯೂ ಇದ್ದರು. ಹಿಂದಿನ ರಾತ್ರಿಯೇ ಅದನ್ನು ಓದಿದ್ದೆ, ಆದರೂ ಪಾಠಕ್ಕೆ ತಂದಿರಲಿಲ್ಲ. 2019ರ ಜನವರಿಯಲ್ಲಿ ದೇಶದ ಇಡೀ ಕರಾವಳಿಯಲ್ಲಿ 'ಸೀ ವಿಜಿಲ್' ಎಂಬ ಕರಾವಳಿ ಭದ್ರತೆಯ ಅಣಕು ಅಭ್ಯಾಸ ಮೊದಲ ಸಲ ನಡೆದಾಗ ಮೀನುಗಾರರೂ ಅದರಲ್ಲಿ ಇದ್ದರು. ಅವರು ಕರೆ ಮಾಡಲು ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093 ಇವೆ. ಇದೆಲ್ಲ ನನ್ನ ನೋಟ್ಸಿನಲ್ಲಿ ಕೊನೆಯ ಪುಟದ ಕೊನೆಯ ಸಾಲಾಗಿತ್ತು.

ಈಗ ಆ ಅಧ್ಯಾಯಕ್ಕೆ ಮೂರು ದಿನ ತಗೊಳ್ತೇನೆ. ಯಾವ ಇಲಾಖೆಯ ಪಾಠವೇ ಇರಲಿ, ಹೆಸರು ಬರೆಸುವ ಮೊದಲು ಕೇಳುತ್ತೇನೆ: ಇದನ್ನು ಮೊದಲು ನೋಡುವವರು ಯಾರು, ಅವರು ಯಾರಿಗೆ ಫೋನ್ ಮಾಡಬೇಕು? ಕಡಲ ಭದ್ರತೆಯ ದಿನ ಏಳು ಚೀಟಿ ಬರೆಯುತ್ತೇನೆ. ಮೊದಲ ಚೀಟಿ ಮೀನುಗಾರನದು.