ಪಂಪ್ ಕೆಟ್ಟಿರಲಿಲ್ಲ, ನೀರು ಬದಲಾಗಿತ್ತು

ನಾನು ವಾಷಿಂಗ್ ಮೆಷಿನ್ ರಿಪೇರಿ ಮಾಡುವವನು. ನಮ್ಮ ಕಂಪನಿಯ ಆ್ಯಪ್‌ನಲ್ಲಿ ಒಂದು ಕಾಲ್, ಅಂದರೆ ಒಂದು ಕಂಪ್ಲೇಂಟ್, ಕ್ಲೋಸ್ ಮಾಡಬೇಕಾದರೆ ಒಂದು ಕಾರಣ ಆರಿಸಲೇಬೇಕು. ನೀರು ಹೊರಗೆ ತಳ್ಳುವ ಡ್ರೈನ್ ಪಂಪ್, ಇನ್‌ಲೆಟ್ ವಾಲ್ವ್, ನೀರಿನ ಮಟ್ಟ ಅಳೆಯುವ ಪ್ರೆಶರ್ ಸ್ವಿಚ್, ಮೆಷಿನ್ ನಡೆಸುವ ಸರ್ಕ್ಯೂಟ್ ಬೋರ್ಡ್ ಅಂದರೆ ಪಿಸಿಬಿ, ಡೋರ್ ಲಾಕ್, ಬೇರಿಂಗ್. ಪಟ್ಟಿ ಉದ್ದ ಇದೆ, ಆದರೆ ನೊರೆ ಅಂತ ಎಲ್ಲೂ ಇಲ್ಲ. 'ಕಸ್ಟಮರ್ ಎಜುಕೇಷನ್' ಅನ್ನುವುದನ್ನು ಒತ್ತಬಹುದು, ಆದರೆ ಅದನ್ನು ಒತ್ತಿದರೆ ಆ ಕಾಲ್‌ಗೆ ಇನ್ಸೆಂಟಿವ್ ಬರುವುದಿಲ್ಲ. ಹಾಗಾಗಿ ನೊರೆ ತುಂಬಿ ನಿಂತ ಮೆಷಿನ್‌ಗೆ ಪಂಪ್ ಬದಲಾಗುತ್ತದೆ. ದುಡ್ಡು ಹೋಗುವುದು ಮನೆಯವರದ್ದು. ಈ ಮಾತನ್ನು ಮೀಟಿಂಗ್‌ನಲ್ಲಿ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಬೆಂಗಳೂರಿನ ಮಹದೇವಪುರದ ಕಡೆಯ ಒಂದು ಅಪಾರ್ಟ್‌ಮೆಂಟ್. 7 ಕೆಜಿ ಫ್ರಂಟ್ ಲೋಡ್, ಅಂದರೆ ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಮೆಷಿನ್, ವಾರಂಟಿ ಮುಗಿದಿದೆ. ಕಂಪ್ಲೇಂಟ್ ಏನೆಂದರೆ ನೀರು ಹೊರಗೆ ಹೋಗುತ್ತಿಲ್ಲ, ಸ್ಪಿನ್ ಆಗುತ್ತಿಲ್ಲ, ಮುಕ್ಕಾಲು ಗಂಟೆಯ ಪ್ರೋಗ್ರಾಂ ಎರಡು ಗಂಟೆಯಾದರೂ ಮುಗಿಯುತ್ತಿಲ್ಲ. ನಮ್ಮ ಹುಡುಗನೊಬ್ಬ ಹೋಗಿ ಡ್ರೈನ್ ಪಂಪ್ ಹಾಕಿ ಬಂದಿದ್ದ. ಕೆಲವೇ ದಿನಕ್ಕೆ ಅದೇ ಕಂಪ್ಲೇಂಟ್ ರಿಪೀಟ್ ಆಯಿತು. ಬೆಳಿಗ್ಗೆ ಸೂಪರ್‌ವೈಸರ್ ಫೋನ್ ಬಂತು. 'ಎಸ್ಕಲೇಷನ್ ಆಗಿದೆ, ನೀವೇ ಹೋಗಿ, ಸ್ಟೋರ್‌ನಿಂದ ಒಂದು ಪಿಸಿಬಿ ಎತ್ಕೊಂಡು ಹೋಗಿ, ಇವತ್ತೇ ಕ್ಲೋಸ್ ಆಗಬೇಕು' ಅಂದರು. ಮೆಷಿನ್ ಮುಖ ನೋಡುವ ಮೊದಲೇ ಯಾವ ಪಾರ್ಟ್ ಅಂತ ತೀರ್ಮಾನ ಆಗಿಬಿಟ್ಟಿತ್ತು.

ಮನೆಯಲ್ಲಿ ಇದ್ದವರು ವಯಸ್ಸಾದ ಅಮ್ಮ ಒಬ್ಬರೇ. ಮಗ ಸೊಸೆ ಆಫೀಸಿಗೆ ಹೋಗಿದ್ದರು. 'ಪಂಪಿಗೆ ಅಷ್ಟು ದುಡ್ಡು ಕೊಟ್ಟು ವಾರ ಆಗಿಲ್ಲಪ್ಪಾ, ಮತ್ತೆ ಅದೇ ರಾಗ ಅದೇ ಹಾಡು' ಅಂದರು. ಸಿಟ್ಟಿಗಿಂತ ಬೇಜಾರೇ ಜಾಸ್ತಿ ಇತ್ತು ಆ ದನಿಯಲ್ಲಿ.

ನಾನು ಯಾವಾಗಲೂ ಮೊದಲು ಕೇಳುವ ಪ್ರಶ್ನೆ ಕೇಳಿದೆ. 'ಅಮ್ಮಾ, ಯಾವ ಪೌಡರ್ ಹಾಕ್ತೀರಿ?' ಅವರು ಒಳಗೆ ಹೋಗಿ ಪ್ಯಾಕೆಟ್ಟನ್ನೇ ತಂದು ತೋರಿಸಿದರು. ಫ್ರಂಟ್ ಲೋಡ್ ಪೌಡರ್, ಒಳ್ಳೆಯದೇ. ಬಕೆಟ್‌ನಲ್ಲಿ ನೆನೆಸುವ ಪೌಡರನ್ನು ಇಂಥ ಮೆಷಿನ್‌ಗೆ ಹಾಕಿದರೆ ನೊರೆ ಉಕ್ಕುವುದು ನಮಗೆಲ್ಲ ಗೊತ್ತಿರುವ ವಿಷಯ. ಫ್ರಂಟ್ ಲೋಡ್ ಪೌಡರ್‌ನಲ್ಲಿ ನೊರೆ ಏಳದ ಹಾಗೆ ತಡೆಯುವ ಸಿಲಿಕೋನ್‌ನಂಥದ್ದನ್ನು ಬೆರೆಸಿರುತ್ತಾರೆ. ಪ್ಯಾಕೆಟ್ ಸರಿ ಇದೆ ಅಂದಮೇಲೆ ನೊರೆಯ ಮಾತನ್ನು ತಲೆಯಿಂದ ತೆಗೆದುಹಾಕಿದೆ. ಎಷ್ಟು ಹಾಕ್ತೀರಿ ಅಂತ ಕೇಳಲಿಲ್ಲ. ನೀರು ಯಾವುದು ಅಂತಲೂ ಕೇಳಲಿಲ್ಲ.

ಕೆಳಗಿನ ಫಿಲ್ಟರ್ ಬಿಚ್ಚಿದೆ. ಒಂದು ನಾಣ್ಯ, ಸ್ವಲ್ಪ ಕೂದಲು, ಅಷ್ಟೇ. ಡ್ರೈನ್ ಹೋಸ್ ಎಲ್ಲೂ ಮಡಚಿಕೊಂಡಿರಲಿಲ್ಲ. ಪಂಪ್‌ಗೆ ವೋಲ್ಟೇಜ್ ಬರುತ್ತಿತ್ತು. ಬೆಳಿಗ್ಗೆ ಅರ್ಧಕ್ಕೆ ನಿಂತ ಬಟ್ಟೆ ಡ್ರಮ್ಮಿನಲ್ಲೇ ಇತ್ತು. ಹಾಗೇ ಡ್ರೈನ್-ಸ್ಪಿನ್‌ಗೆ ಹಾಕಿ ಕಿವಿಗೊಟ್ಟೆ. ನೀರು ಎಳೆಯುವಾಗ ಪಂಪಿನ ಸದ್ದು ಗುಂಯ್ ಅಂತ ದಪ್ಪಗೆ ಇರುತ್ತದೆ. ಇಲ್ಲಿ ಮೊದಲ ಅರ್ಧ ನಿಮಿಷ ಹಾಗಿತ್ತು, ಆಮೇಲೆ ತೆಳ್ಳಗೆ ಗರಗರ ಅನ್ನತೊಡಗಿತು. ಡ್ರಮ್ ಎರಡು ಸುತ್ತು ಜೋರಾಗಿ ತಿರುಗಲು ನೋಡಿ ಮತ್ತೆ ನಿಧಾನವಾಯಿತು. ಒಳಗೆ ಇನ್ನೂ ನೀರಿದೆ ಅಂತಲೇ ಮೆಷಿನ್ ಲೆಕ್ಕ. ಪಂಪ್ ಹೊಸದು, ಹಾಗಾದರೆ ಪ್ರೆಶರ್ ಸ್ವಿಚ್ ಇರಬಹುದು ಅಂದುಕೊಂಡು ಅದರ ಟ್ಯೂಬ್ ಎಳೆದು ನೋಡಿದೆ. ಒಳಗೆ ತೇವ ಇತ್ತು. ಊದಿ, ಒರೆಸಿ, ಮತ್ತೆ ಸಿಕ್ಕಿಸಿದೆ.

ಆ ಟ್ಯೂಬ್‌ನಲ್ಲಿ ಗಾಳಿ ಬಿಟ್ಟು ಬೇರೇನೂ ಇರಬಾರದು. ತೇವ ಎಲ್ಲಿಂದ ಬಂತು ಅಂತ ಅಲ್ಲೇ ನಿಂತು ಯೋಚಿಸಬೇಕಿತ್ತು. ಆದರೆ ಬ್ಯಾಗ್‌ನಲ್ಲಿ ಪಿಸಿಬಿ ಇತ್ತು, ಕಾಲ್ ಮುಗಿಸಲು ಕೊಟ್ಟ ಗಡುವು, ನಮ್ಮ ಭಾಷೆಯಲ್ಲಿ ಟಿಎಟಿ, ಓಡುತ್ತಿತ್ತು, ಪಿಸಿಬಿಯೇ ಇರಬೇಕು ಅಂತ ನನ್ನ ಲೆಕ್ಕವೂ ಸೂಪರ್‌ವೈಸರ್ ಲೆಕ್ಕಕ್ಕೆ ಸರಿಯಾಗಿ ಕೂತುಕೊಂಡಿತು. ಕೊನೆಯ ಟೆಸ್ಟ್ ಅಂತ ಇಡೀ ಸೈಕಲ್ ಹಾಕಿದೆ. 'ಅಮ್ಮಾ, ನೀವು ದಿನಾ ಹಾಕೋ ಹಾಗೇ ಪೌಡರ್ ಹಾಕಿ' ಅಂದು ಹಾಲ್‌ಗೆ ಬಂದು ಎಸ್ಟಿಮೇಟ್ ಬರೆಯಲು ಕೂತೆ.

ಸ್ವಲ್ಪ ಹೊತ್ತಿಗೆ 'ಅಯ್ಯೋ, ಬಾಪ್ಪಾ ಇಲ್ಲಿ' ಅನ್ನುವ ಕೂಗು ಕೇಳಿಸಿತು. ಯುಟಿಲಿಟಿಗೆ ಹೋಗಿ ನೋಡಿದರೆ ಪೌಡರ್ ಟ್ರೇ ಸುತ್ತಲಿನ ಸಂದಿಯಿಂದ ನೊರೆ ಬೆರಳು ದಪ್ಪಕ್ಕೆ ಹೊರಗೆ ಬರುತ್ತಿತ್ತು. ಮುಂಭಾಗದ ಗುಂಡಿಗಳ ಮೇಲೆ ಹರಿದು ನೆಲಕ್ಕೆ ಇಳಿದಿತ್ತು. ಬಾಗಿಲಿನ ಗಾಜು ಪೂರ್ತಿ ಬೆಳ್ಳಗಿತ್ತು, ಬಟ್ಟೆ ಕಾಣಿಸುತ್ತಲೇ ಇರಲಿಲ್ಲ. ಮೆಷಿನ್ ಪಕ್ಕದಲ್ಲಿ ನೆಲದ ಮೇಲೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಬಿದ್ದಿತ್ತು, ಮೆಷಿನ್ನಿನ ಪ್ಲಗ್ ಅದರಲ್ಲೇ. ನೊರೆಗೂ ಅದಕ್ಕೂ ಒಂದು ಗೇಣು ಅಂತರ. ಆ ಅಮ್ಮ ಬರಿಗಾಲಲ್ಲಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಅತ್ತಲೇ ಹೆಜ್ಜೆ ಇಟ್ಟಿದ್ದರು.

'ಅಮ್ಮಾ, ಅಲ್ಲೇ ನಿಲ್ಲಿ, ಕಾಲಿಡಬೇಡಿ!' ಅಂತ ಕಿರುಚಿದೆ. ಪ್ಲಗ್ ಕೀಳಲು ಕೈ ಹಾಕುವ ಹಾಗಿರಲಿಲ್ಲ. ಮನೆಯ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್‌ಗಳು ಎಲ್ಲಿ ಅಂದೆ. ಮುಂಬಾಗಿಲ ಹಿಂದೆ ಅಂದರು. ಓಡಿದೆ. ಯಾವುದು ಯಾವುದಕ್ಕೆ ಅಂತ ಬರೆದ ಚೀಟಿ ಅಳಿಸಿಹೋಗಿತ್ತು. ಮೇನ್ ಸ್ವಿಚ್ಚನ್ನೇ ಕೆಳಗಿಳಿಸಿದೆ. ಫ್ಯಾನ್, ಫ್ರಿಜ್ಜು ಎಲ್ಲ ಒಟ್ಟಿಗೆ ನಿಂತವು. ವಾಪಸ್ ಬಂದಾಗ ನೊರೆ ಬೋರ್ಡಿನ ಅಂಚನ್ನು ಮುಟ್ಟಿತ್ತು. ಈ ಕೆಲಸದಲ್ಲಿ ಕರೆಂಟ್ ಹೊಡೆಸಿಕೊಂಡವರನ್ನು ನೋಡಿದ್ದೇನೆ. ಆವತ್ತು ನನ್ನ ಕೈ ನಡುಗಿದ್ದು ನನಗಾಗಿ ಅಲ್ಲ.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. 'ಮೊದಲೆಲ್ಲ ಹೀಗೆ ಆಗ್ತಿರಲಿಲ್ಲಪ್ಪಾ. ಕಾವೇರಿ ನೀರು ಬಂದಮೇಲೇ ಈ ನೊರೆ ಶುರುವಾಗಿದ್ದು. ಮೊನ್ನೆ ಬಂದ ಹುಡುಗನಿಗೂ ಹೇಳಿದೆ, ಅವನು ಕಿವಿಗೇ ಹಾಕಿಕೊಳ್ಳಲಿಲ್ಲ' ಅಂದರು.

ಅದನ್ನು ಕೇಳಿದ ಮೇಲೆ ಎಲ್ಲ ಬಿಡಿಸಿಕೊಂಡಿತು. ಕಾವೇರಿ 5ನೇ ಹಂತ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಗರಕ್ಕೆ ಸೇರಿದ್ದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ ಅದು. ಅಲ್ಲಿಯವರೆಗೆ ಈ ಕಡೆಯ ಎಷ್ಟೋ ಮನೆಗಳು ಬೋರ್ ಮತ್ತು ಟ್ಯಾಂಕರ್ ನೀರಿನಲ್ಲೇ ಬದುಕಿದ್ದವು. ಬೋರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೌಡರಿನ ಒಂದು ಪಾಲನ್ನು ಮೊದಲೇ ನುಂಗಿಬಿಡುತ್ತವೆ, ಉಳಿದದ್ದು ಬಟ್ಟೆಗೆ. ಕುಡಿಯುವ ನೀರಿನ ಐಎಸ್ 10500 ಮಾನದಂಡ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನಮ್ಮ ಕಡೆಯ ಎಷ್ಟೋ ಬೋರ್‌ಗಳು ಆ 200ನ್ನು ಆರಾಮಾಗಿ ದಾಟಿದವು. ಅಂಥ ನೀರಿಗೆ ಆ ಅಮ್ಮ ಕಾಫಿ ಲೋಟದ ತುಂಬ ಪೌಡರ್ ಹಾಕಿ ರೂಢಿ ಮಾಡಿಕೊಂಡಿದ್ದರು. ಕಡಿಮೆ ಹಾಕಿದರೆ ಬಟ್ಟೆ ಬಿರುಸಾಗುತ್ತಿತ್ತು, ಬಿಳಿ ಮಾಸುತ್ತಿತ್ತು. ಅವರ ಲೆಕ್ಕ ತಪ್ಪಿರಲಿಲ್ಲ. ನಲ್ಲಿಯಲ್ಲಿ ಮೆದು ನೀರು ಬಂದಾಗ ಅದೇ ಲೋಟ ಭಾರಿಯಾಯಿತು. ಫ್ರಂಟ್ ಲೋಡ್ ಪೌಡರೇ ಆದರೂ ಅಷ್ಟು ಹಾಕಿದರೆ ಅದರೊಳಗಿನ ನೊರೆ ತಡೆಯುವ ಸಾಮಾನು ಸೋಲುತ್ತದೆ.

ಫ್ರಂಟ್ ಲೋಡ್‌ನಲ್ಲಿ ನೀರು ಡ್ರಮ್ಮಿನ ತಳದಲ್ಲಿ ಸ್ವಲ್ಪವೇ ಇರುತ್ತದೆ. ಬಟ್ಟೆ ಮೇಲೆ ಹೋಗಿ ದಪ್ಪೆಂದು ಬಿದ್ದಾಗಲೇ ಕೊಳೆ ಬಿಡುವುದು, ಕಲ್ಲಿಗೆ ಬಡಿದ ಹಾಗೆ. ನೊರೆ ತುಂಬಿದರೆ ಆ ಪೆಟ್ಟೇ ಬೀಳುವುದಿಲ್ಲ. ಡ್ರಮ್ಮಿಗೂ ಹೊರಗಿನ ಟಬ್ಬಿಗೂ ನಡುವೆ ನೊರೆ ಸಿಕ್ಕಿಕೊಂಡು ಬ್ರೇಕ್ ಹಾಕಿದಂತಾಗುತ್ತದೆ, ಮೋಟರ್ ಏದುತ್ತದೆ, ಸ್ಪಿನ್ ಏರುವುದಿಲ್ಲ. ಪಂಪ್ ನೀರು ತಳ್ಳಬಲ್ಲದು, ಗಾಳಿ ತುಂಬಿದ ನೊರೆಯನ್ನು ತಳ್ಳಲಾರದು. ನಾನು ಕೇಳಿದ ಗರಗರ ಅದೇ. ಪ್ರೆಶರ್ ಸ್ವಿಚ್ ಟ್ಯೂಬ್‌ಗೆ ನೊರೆ ಹತ್ತಿದರೆ ನೀರಿನ ಮಟ್ಟದ ಲೆಕ್ಕ ತಪ್ಪುತ್ತದೆ. ಕೆಲವು ಮೆಷಿನ್‌ಗಳು ನೊರೆ ಕಂಡುಹಿಡಿದು ಪರದೆಯಲ್ಲಿ ತೋರಿಸುತ್ತವೆ, ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತವೆ, ತಾವೇ ಇನ್ನೊಂದು ಸಲ ಜಾಲಿಸುತ್ತವೆ. ಪ್ರೋಗ್ರಾಂ ಎರಡು ಗಂಟೆ ಎಳೆಯುವುದು ಅದಕ್ಕೇ. ಪಂಪ್, ಪ್ರೆಶರ್ ಸ್ವಿಚ್, ಪಿಸಿಬಿ, ಮೂರರ ದೋಷದ ಲಕ್ಷಣವನ್ನೂ ನೊರೆ ಒಂದೇ ತೋರಿಸಬಲ್ಲದು.

ನೆಲ ಒರೆಸಿ, ಬೋರ್ಡನ್ನು ಒಣಗಿಸಿ ಗೋಡೆಯ ಮೇಲೆ ಕಟ್ಟಿದೆ. ಅರ್ಧ ಗಂಟೆ ಮೆಷಿನ್ ಮುಟ್ಟಲಿಲ್ಲ. ನೊರೆ ಅರ್ಧಕ್ಕರ್ಧ ತಾನೇ ಕುಸಿಯುತ್ತದೆ. ಬಾಗಿಲು ತೆಗೆಯಲು ಹೋಗಬಾರದು, ಬಿಸಿ ನೀರಿನ ಪ್ರೋಗ್ರಾಂ ಆಗಿದ್ದರೆ ಮೈಮೇಲೆ ಬರುತ್ತದೆ. ಆಮೇಲೆ ಫಿಲ್ಟರ್ ಪಕ್ಕದ ಸಣ್ಣ ಪೈಪಿನಿಂದ ನೀರನ್ನು ತಟ್ಟೆಗೆ ಇಳಿಸಿದೆ. ಟ್ರೇ ಕಿತ್ತು ತೊಳೆದೆ, ಅದರ ಮೂಲೆಯಲ್ಲಿ ಗಟ್ಟಿಯಾದ ಪೌಡರ್ ಇತ್ತು. ಬಟ್ಟೆ ಮೃದು ಮಾಡುವ ಕಂಡೀಷನರ್ ಒಂದು ಮುಚ್ಚಳ ಹಾಕಿ ತಣ್ಣೀರಲ್ಲಿ ರಿನ್ಸ್ ಬಿಟ್ಟೆ. ಪೌಡರಿನ ನೊರೆಯನ್ನು ಅದು ಚೆನ್ನಾಗಿ ಮುರಿಯುತ್ತದೆ. ವಿನೆಗರ್ ಹಾಕುವವರೂ ಇದ್ದಾರೆ. ಯಾವಾಗಲೋ ಒಮ್ಮೆ ಆದರೆ ಪರವಾಗಿಲ್ಲ, ಪ್ರತಿ ಸಲ ಹಾಕಿದರೆ ಗ್ಯಾಸ್ಕೆಟ್ ರಬ್ಬರಿಗೆ ಒಳ್ಳೆಯದಲ್ಲ. ರಿನ್ಸ್ ಮೇಲೆ ರಿನ್ಸ್ ಕೊಟ್ಟು, ಗಾಜಿನಲ್ಲಿ ಬಟ್ಟೆ ಕಾಣುವವರೆಗೆ ಕಾದೆ. ಸ್ಪಿನ್ ಏರಿತು. ಹಾಕಿದ್ದ ಪಂಪ್ ಸರಿ ಇತ್ತು, ಹಳೆಯದೂ ಸರಿಯೇ ಇದ್ದಿರಬೇಕು. ಪಿಸಿಬಿ ಡಬ್ಬಿ ತೆರೆಯಲಿಲ್ಲ.

ಹೋಗುವ ಮುಂಚೆ ಅಮ್ಮನಿಗೆ ಒಂದು ತೋರಿಸಿದೆ. ಬೀರುವಿನಲ್ಲಿದ್ದ ಒಗೆದು ಮಡಚಿಟ್ಟ ಟವೆಲ್ ತರಿಸಿದೆ. ಬಕೆಟ್‌ನ ಬರೀ ನೀರಿನಲ್ಲಿ ಅದ್ದಿ ಹಿಂಡಿದೆ. ನೀರು ಹಾಲಿನ ಬಣ್ಣಕ್ಕೆ ತಿರುಗಿತು, ಮೇಲೆ ನೊರೆ ಕಟ್ಟಿತು. 'ಇಷ್ಟು ಸೋಪನ್ನು ಇಷ್ಟು ದಿನ ಮೈಗೆ ಒರೆಸಿಕೊಳ್ತಿದ್ವಾ?' ಅಂದರು. ಮೊಮ್ಮಗನ ಕೈ ಕಾಲು ತುರಿಕೆಗೆ ಡಾಕ್ಟರ್ ಹತ್ತಿರ ಹೋಗಿದ್ದರಂತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸವಲ್ಲ, ಡಾಕ್ಟರ್ ಹತ್ತಿರ ಈ ಮಾತನ್ನೂ ಹೇಳಿ ಅಂದೆ. ಮನೆಯ ಟವೆಲ್ ಬೆಡ್‌ಶೀಟ್ ಎಲ್ಲವನ್ನೂ ಪೌಡರ್ ಇಲ್ಲದೆ ಬಿಸಿ ನೀರಿನ ಪ್ರೋಗ್ರಾಂನಲ್ಲಿ, ನೊರೆ ನಿಲ್ಲುವ ತನಕ ಒಗೆಯಿರಿ ಅಂದೆ. ಬಟ್ಟೆಯಲ್ಲೇ ಸೋಪು ಕೂತಿದ್ದರೆ ಪೌಡರ್ ಹಾಕದಿದ್ದರೂ ನೊರೆ ಬರುತ್ತದೆ. ಆಮೇಲೆ ಊಟದ ಚಮಚದಲ್ಲಿ ಎರಡು, ಬಟ್ಟೆ ಅರ್ಧ ಇದ್ದರೆ ಒಂದು. ಕಾಫಿ ಲೋಟವನ್ನು ಅಡುಗೆಮನೆಗೆ ವಾಪಸ್ ಕಳಿಸಿದೆವು.

ಕಾಲ್ ಕ್ಲೋಸ್ ಮಾಡುವಾಗ ಸೂಪರ್‌ವೈಸರ್ ಜೊತೆ ಮಾತಾಯಿತು. 'ಪಾರ್ಟ್ ಹಾಕಿಲ್ಲ ಅಂದ್ರೆ ರಿಪೀಟ್ ಕಾಲ್‌ಗೆ ಏನು ಕಾರಣ ತೋರಿಸ್ತೀರಿ?' ಅಂದರು. ಇದ್ದದ್ದು ತೋರಿಸಿ ಅಂದೆ. ಮೊದಲು ಹಾಕಿದ ಪಂಪಿನ ದುಡ್ಡು ಅವರಿಗೆ ವಾಪಸ್ ಕೊಡಬೇಕು ಅಂತ ಬರೆದು ಕಳಿಸಿದೆ. ಪಾರ್ಟ್ ಹಾಕಿ ಬಿಲ್ ಆದಮೇಲೆ ರಿಫಂಡ್ ಇಲ್ಲ ಅಂತ ಉತ್ತರ ಬಂತು. ಇನ್ನೊಮ್ಮೆ ಬರೆದೆ, ಅದೇ ಉತ್ತರ. ಪೆನ್ಷನ್ ದುಡ್ಡಿನಲ್ಲಿ ಕೊಟ್ಟಿದ್ದು ಅದು. ಇದು ನನಗೆ ಇವತ್ತಿಗೂ ಚುಚ್ಚುತ್ತದೆ. ಪಂಪ್ ಹಾಕಿದ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಒಂದು ಕಾಲ್‌ಗೆ ಮುಕ್ಕಾಲು ಗಂಟೆ ಕೊಟ್ಟು, ಇಷ್ಟು ಪಾರ್ಟ್ ಮಾರಲೇಬೇಕು ಅನ್ನುವ ಸ್ಪೇರ್ ಟಾರ್ಗೆಟ್ ತಲೆ ಮೇಲೆ ಇಟ್ಟರೆ, ಕೂತು ಕೇಳಲು ಅವನಿಗೆ ಪುರುಸೊತ್ತು ಎಲ್ಲಿ ಸಿಗಬೇಕು?

ಈಗ ನನ್ನ ಜೊತೆ ಬರುವ ಹುಡುಗರಿಗೆ ಹೇಳುವುದು ಇಷ್ಟೇ. ಪ್ಯಾಕೆಟ್ ಅಲ್ಲ, ಅಳತೆ ಕೇಳಿ. ಅವರ ಕೈಯಲ್ಲೇ ಹಾಕಿಸಿ ನೋಡಿ, ಆದರೆ ಮೆಷಿನ್ ಬಿಟ್ಟು ಎದ್ದು ಹೋಗಬೇಡಿ. ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಕಂಡರೆ ಮೊದಲು ಅದನ್ನು ಎತ್ತಿಸಿ, ಆಮೇಲೆ ಸ್ಕ್ರೂಡ್ರೈವರ್ ತೆಗೆಯಿರಿ. ನೀರು ಯಾವುದು, ಇತ್ತೀಚೆಗೆ ಬದಲಾಯಿತಾ, ಬಿಲ್ಡಿಂಗ್‌ನಲ್ಲಿ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿದರಾ ಅಂತ ಕೇಳಿ. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ತೋರಿಸುವ ಟಿಡಿಎಸ್ ಮೀಟರ್ ಗಡಸುತನವನ್ನು ನೇರವಾಗಿ ಹೇಳುವುದಿಲ್ಲ. ಆದರೂ ಬೋರ್ ನೀರಿಗೂ ಕಾವೇರಿ ನೀರಿಗೂ ಇರುವ ವ್ಯತ್ಯಾಸ ಅದರಲ್ಲಿ ಕಂಡೇ ಕಾಣುತ್ತದೆ. ಸಾಫ್ಟ್‌ನರ್ ನೀರಿಗೆ ಮಾತ್ರ ಅದನ್ನು ನಂಬಬೇಡಿ, ಗಡಸು ಹೋದರೂ ಅಂಕಿ ಇಳಿಯುವುದಿಲ್ಲ. ನೀರಿಗೆ ಅದ್ದಿ ಗಡಸುತನ ನೋಡುವ ಟೆಸ್ಟ್ ಸ್ಟ್ರಿಪ್ ಅಗ್ಗಕ್ಕೆ ಸಿಗುತ್ತದೆ. ಕಂಪನಿ ಕೊಡದಿದ್ದರೆ ನಾನೇ ಕೊಡುತ್ತೇನೆ.

ಆ ಬಿಲ್ಡಿಂಗ್‌ನ ಬೇರೆ ಮನೆಗಳಿಂದಲೂ ಅದೇ ಥರದ ಕಾಲ್ ಬಂದವು. ಕೆಲವನ್ನು ಫೋನಿನಲ್ಲೇ ಬಗೆಹರಿಸಿದೆ. ಅಲ್ಲಿ ಬೇಸಿಗೆಗೆ ಒಂದೊಂದು ಸಲ ಟ್ಯಾಂಕರ್ ತರಿಸುತ್ತಾರಂತೆ. ಟ್ಯಾಂಕರ್‌ನಲ್ಲಿ ಬೋರ್ ನೀರು ಬಂದ ವಾರ ಬಟ್ಟೆ ಬಿರುಸಾದರೆ ಅರ್ಧ ಚಮಚ ಏರಿಸಿ, ಕಾವೇರಿ ಬಂದ ತಕ್ಷಣ ಇಳಿಸಿ ಅಂತ ಎಲ್ಲರಿಗೂ ಹೇಳಿದ್ದೇನೆ.