ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ ಅಪ್ಪಯ್ಯ

ನಾನಿರುವ ಜರ್ಮನಿಯ ಡ್ಯೂಸ್‌ಬುರ್ಗ್ ಊರಿನ ದಕ್ಷಿಣಕ್ಕೆ ಒಂದು ಗುಡ್ಡ ಇದೆ. ನಮ್ಮ ಕುಂದಾದ್ರಿಯ ಹಾಗೆ ತಾನಾಗಿ ಎದ್ದ ಗುಡ್ಡ ಅಲ್ಲ. ಅಲ್ಲಿ ಹಿಂದೆ ಸತುವಿನ ಕಾರ್ಖಾನೆ ಇತ್ತು. ಅದರ ಕಿಟ್ಟ, ಕಸವನ್ನೆಲ್ಲ ಒಟ್ಟಿ, ಮೇಲೆ ಮಣ್ಣು ಮುಚ್ಚಿ ಮಾಡಿದ್ದು. ಅದರ ನೆತ್ತಿಯಲ್ಲಿ 2011ರಲ್ಲಿ ಹೈಕೆ ಮುಟ್ಟರ್ ಮತ್ತು ಉಲ್ರಿಶ್ ಗೆಂಟ್ ಎಂಬ ಕಲಾವಿದರು ಒಂದು ದೊಡ್ಡ ಉಕ್ಕಿನ ಶಿಲ್ಪ ನಿಲ್ಲಿಸಿದರು. ಹೆಸರು ಟೈಗರ್ ಅಂಡ್ ಟರ್ಟಲ್. ದೂರದಿಂದ ನೋಡಿದರೆ ರೋಲರ್ ಕೋಸ್ಟರ್ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಅದು ಮೆಟ್ಟಿಲು. ಒಟ್ಟು 249 ಮೆಟ್ಟಿಲು, ಎಲ್ಲವೂ ಜಾಲರಿಯವು. ತಲೆಕೆಳಗಾಗಿ ಸುತ್ತುವ ಸುರುಳಿ ಒಂದನ್ನು ಬಿಟ್ಟು ಉಳಿದದ್ದನ್ನು ನಾವೂ ನೀವೂ ಹತ್ತಬಹುದು.

ಅಪ್ಪಯ್ಯ, ಅಮ್ಮ ಇಲ್ಲಿಗೆ ಬಂದಾಗ ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೇಲಿಂದ ರೈನ್ ನದಿ ಕಾಣುತ್ತದೆ, ತೋರಿಸೋಣ ಅಂತ. ಅಮ್ಮ ಮೊದಲ ನಾಲ್ಕು ಮೆಟ್ಟಿಲು ಹತ್ತಿ ನಿಂತುಬಿಟ್ಟಳು. ಕಾಲ ಕೆಳಗೆ ನೆಲ ಕಾಣುತ್ತದೆ, ತಲೆ ಸುತ್ತುತ್ತದೆ ಅಂದಳು. ಅಪ್ಪಯ್ಯ ನದಿ ನೋಡಲೇ ಇಲ್ಲ. ಅವರು ಕೆಳಗಿಳಿದು, ಮೆಟ್ಟಿಲ ಅಡಿಗೆ ಹೋಗಿ, ಸೊಂಟ ಬಗ್ಗಿಸಿ ನೋಡುತ್ತಿದ್ದರು.

"ಅಲ್ಲ ಮಾರಾಯ್ತಿ, ಇಷ್ಟು ಜನ ಹತ್ತಿ ಇಳಿತಾರೆ. ಈ ಜಾಲರಿನ ಹಿಡ್ಕಂಡಿರೋದು ಎಂಥದು?"

ಅಷ್ಟು ದಿನ ನನ್ನ ಕೆಲಸ ಏನು ಅಂತ ಊರಲ್ಲಿ ಯಾರಿಗೂ ಸರಿಯಾಗಿ ಹೇಳಲು ನನಗೆ ಆಗಿರಲಿಲ್ಲ. ಎಂಜಿನಿಯರ್ ಅಂದರೆ ಸಾಕಾಗುತ್ತಿತ್ತು. ಆದರೆ ಅಪ್ಪಯ್ಯ ಕೇಳಿದ ಪ್ರಶ್ನೆಯೇ ನನ್ನ ಕೆಲಸ. ಕಾರ್ಖಾನೆಗಳ ಉಕ್ಕಿನ ಮೆಟ್ಟಿಲುಗಳ ನಕ್ಷೆ ಬರೆಯುವುದು. ಯಾವ ಜಾಲರಿ ಎಲ್ಲಿ ಕೂರಬೇಕು, ಅದನ್ನು ಕೆಳಗಿಂದ ಯಾವ ಆಸರೆಯ ತುಂಡು, ಅಂದರೆ ಬ್ರ್ಯಾಕೆಟ್, ಹೊರಬೇಕು, ಬೋಲ್ಟಿಗೆ ತೂತು ಎಲ್ಲಿ ಬರಬೇಕು. ಮೆಟ್ಟಿಲು ಹತ್ತುವವರು ಇದನ್ನು ನೋಡುವುದೇ ಇಲ್ಲ. ನೋಡಬೇಕಾದ ಪರಿಸ್ಥಿತಿ ಬರಲೂಬಾರದು.

ಇಲ್ಲಿ ಹೊರಗಿನ ಮೆಟ್ಟಿಲಿಗೆಲ್ಲ ಜಾಸ್ತಿ ಜಾಲರಿಯೇ. ಮಳೆ ನೀರು, ಹಿಮ, ಕೆಸರು ಮೇಲೆ ನಿಲ್ಲದೆ ಕೆಳಗೆ ಬೀಳುತ್ತದೆ. ನನ್ನ ಮೊದಲ ಚಳಿಗಾಲದಲ್ಲಿ ಆಫೀಸಿನ ಮುಂದಿನ ಸಿಮೆಂಟ್ ಮೆಟ್ಟಿಲಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಎಲ್ಲರೂ ಹಿಂದಿನ ಜಾಲರಿ ಮೆಟ್ಟಿಲಿಂದ ಓಡಾಡಿದರು. ಅವತ್ತೇ ನನಗೆ ನಮ್ಮ ಮನೆಯ ಹಿತ್ತಲು ನೆನಪಾಗಿತ್ತು. ಅಲ್ಲಿ ಮಂಜಲ್ಲ, ಹಾವಸೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹಿತ್ತಲು ದಾಟಿದರೆ ಧರೆ, ಅಂದರೆ ಕಡಿದಾದ ಮಣ್ಣಿನ ಏರಿ. ಧರೆ ಇಳಿದರೆ ಅಡಿಕೆ ತೋಟ. ಇಳಿಯಲು ಅಜ್ಜನ ಕಾಲದ ಕಲ್ಲು ಚಪ್ಪಡಿಗಳು. ಆಗುಂಬೆ ಅಷ್ಟೇನೂ ದೂರವಿಲ್ಲ. ಡ್ಯೂಸ್‌ಬುರ್ಗ್‌ನ ಇಡೀ ವರ್ಷದ ಮಳೆಗಿಂತ ಆಗುಂಬೆಯ ಜುಲೈ ಒಂದು ತಿಂಗಳ ಮಳೆಯೇ ಜಾಸ್ತಿ. ಆರಿದ್ರಾ ಮಳೆ ಹಿಡಿಯಿತು ಅಂದರೆ ಆ ಕಲ್ಲುಗಳು ಹಸಿರಾಗುತ್ತವೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೂ ವಾರದಲ್ಲಿ ಮತ್ತೆ ಅದೇ. ಅವರು ಇಲ್ಲಿಗೆ ಬರುವ ಹಿಂದಿನ ವರ್ಷ, ಪುಷ್ಯ ಮಳೆಯಲ್ಲಿ, ಅಮ್ಮ ವೀಳ್ಯದೆಲೆ ಕೊಯ್ಯಲು ಇಳಿಯುವಾಗ ಜಾರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ನನಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು. ಹೇಳಿದರೆ ಸುಮ್ನೆ ಗಾಬರಿಯಾಗ್ತಾಳೆ ಅಂತ ಇಬ್ಬರೂ ಮುಚ್ಚಿಟ್ಟಿದ್ದರು. ದೂರದಲ್ಲಿರುವ ಮಕ್ಕಳಿಗೆಲ್ಲ ಈ ಸಂಕಟ ಗೊತ್ತಿರುತ್ತದೆ.

ಅದಕ್ಕೇ ಅಪ್ಪಯ್ಯ ಬಗ್ಗಿ ನೋಡಿದ್ದು. ಕಲೆ ನೋಡಲು ಅಲ್ಲ.

ಅಲ್ಲೇ ಅವರಿಗೆ ತೋರಿಸಿ ಹೇಳಿದೆ. ಜಾಲರಿಯಲ್ಲಿ ಎರಡು ಥರದ ಕಂಬಿ ಇರುತ್ತದೆ. ಅಂಚಿನ ಮೇಲೆ ನಿಂತಿರುವ ಅಗಲದ ಪಟ್ಟಿಗಳು ಭಾರ ಹೊರುತ್ತವೆ. ಅವುಗಳನ್ನು ಅಡ್ಡಕ್ಕೆ ಕಟ್ಟಿಹಾಕುವ ಸಣ್ಣ ಕಂಬಿಗಳಿಗೆ ಭಾರ ಹೊರುವ ಶಕ್ತಿ ಇಲ್ಲ, ಅವು ಪಟ್ಟಿಗಳು ಆ ಕಡೆ ಈ ಕಡೆ ವಾಲದಂತೆ ಹಿಡಿಯುತ್ತವೆ ಅಷ್ಟೆ. ಹಾಗಾಗಿ ಭಾರದ ಪಟ್ಟಿ ಯಾವಾಗಲೂ ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಹೋಗಬೇಕು. ಅಪ್ಪಯ್ಯ ತಕ್ಷಣ ಅಂದರು, "ಸಂಕಕ್ಕೆ ದಬ್ಬೆ ಹಾಕ್ದಂಗೆ." ಹೌದು, ಅದೇ. ಹಳ್ಳ ದಾಟಲು ಅಡಿಕೆ ಮರ ಸೀಳಿದ ದಬ್ಬೆಯಿಂದ ಸಂಕ, ಅಂದರೆ ಕಾಲುಸೇತುವೆ, ಹಾಕುವಾಗ ದಬ್ಬೆಯನ್ನು ದಡದಿಂದ ದಡಕ್ಕೆ ಹಾಕುತ್ತೇವೆ ಅಲ್ವಾ? ದಬ್ಬೆಗಳನ್ನು ಬಿಗಿಯುವ ಬಳ್ಳಿಯ ಮೇಲೆ ಯಾರೂ ಭಾರ ಬಿಡುವುದಿಲ್ಲ. ದಬ್ಬೆಗಳ ನಡುವೆ ಸಂದು ಬಿಡುವುದೂ ನೀರು ನಿಲ್ಲಬಾರದು ಅಂತಲೇ. ನಮ್ಮಲ್ಲಿ ಜಾಲರಿ ಮೊದಲಿಂದ ಇತ್ತು, ಅಡಿಕೆ ಮರದ್ದು.

ಮೆಟ್ಟಿಲಿನ ಎರಡು ಬದಿಗೆ ಓರೆಯಾಗಿ ಹೋಗುವ ಉಕ್ಕಿನ ತೊಲೆಗೆ ಜರ್ಮನ್‌ನಲ್ಲಿ ವಾಂಗೆ ಅನ್ನುತ್ತಾರೆ. ಅಂದರೆ ಕೆನ್ನೆ. ಜಾಲರಿಗೆ ಗಿಟ್ಟರ್‌ರೋಸ್ಟ್. ಅದರಲ್ಲಿರುವ ರೋಸ್ಟ್ ಅನ್ನುವ ಪದಕ್ಕೆ ಜಾಲರಿ ಅಂತಲೂ ಅರ್ಥ, ತುಕ್ಕು ಅಂತಲೂ ಅರ್ಥ. ಎರಡೂ ಒಂದೇ ಪದ ಅಂತ ಹೇಳಿದಾಗ ಅಮ್ಮ, "ಹಾಗಾದ್ರೆ ನಮ್ಮನೆಗೆ ಎರಡನೇದು ಬೇಡ" ಅಂದಳು.

ಆದರೆ ಮೊದಲ ಸಲ ಬಂದದ್ದು ಎರಡನೆಯದೇ. ಅವರು ಊರಿಗೆ ಹೋದ ಮೇಲೆ ಧರೆ ಇಳಿಯಲು ಜಾಲರಿ ಮೆಟ್ಟಿಲು ಮಾಡಿಸೋಣ ಅಂತ ನಾನು ಇಲ್ಲಿಂದಲೇ ಒಂದು ನಕ್ಷೆ ಕಳಿಸಿದೆ. ಫೋನಿನಲ್ಲಿ ಮಾತಾಡಿ ಒಂದು ವೆಲ್ಡಿಂಗ್ ಶಾಪ್‌ನವರಿಗೆ ಕೆಲಸ ಒಪ್ಪಿಸಿದೆವು. ಅವರು ಗೇಟು, ಕಿಟಕಿ ಗ್ರಿಲ್ ಚೆನ್ನಾಗಿ ಮಾಡುವವರು. ಜಾಲರಿಯ ದೊಡ್ಡ ಹಾಳೆ ತಂದು ಕತ್ತರಿಸುವಾಗ ಹಾಳೆ ವೇಸ್ಟ್ ಆಗಬಾರದು ಅಂತ ಉಲ್ಟಾ ದಿಕ್ಕಿಗೆ ಕತ್ತರಿಸಿದರು. ಭಾರದ ಪಟ್ಟಿ ಮುಂದೆ-ಹಿಂದೆ ಹೋಯಿತು, ಸಣ್ಣ ಕಂಬಿ ಕೆನ್ನೆಯಿಂದ ಕೆನ್ನೆಗೆ. ಬ್ರ್ಯಾಕೆಟ್ ಇಲ್ಲ. ಜಾಲರಿಯ ತುದಿಯನ್ನು ನೇರ ತೊಲೆಗೇ ಅಲ್ಲಲ್ಲಿ ವೆಲ್ಡ್ ಮಾಡಿ, ಮೇಲೆ ಬೆಳ್ಳಿ ಬಣ್ಣ ಹೊಡೆದರು. ಫೋಟೋದಲ್ಲಿ ಚೆಂದ ಕಂಡಿತು. ಆಶ್ಲೇಷ ಮಳೆ ಬರುವಷ್ಟರಲ್ಲಿ ವೆಲ್ಡ್ ಮಾಡಿದ ಕಡೆಯೆಲ್ಲ ಕೆಂಪು ನೀರು ಇಳಿಯತೊಡಗಿತು. ನಾಲ್ಕನೇ ಮೆಟ್ಟಿಲು ನಡುವೆ ತೊಟ್ಟಿಲ ಹಾಗೆ ಬಗ್ಗಿತು.

ಅವರನ್ನು ದೂರುವ ಮನಸ್ಸು ನನಗಿಲ್ಲ. ಪಟ್ಟಿಯ ದಿಕ್ಕು ತೋರಿಸುವ ಒಂದು ಬಾಣದ ಗುರುತು ನನ್ನ ನಕ್ಷೆಯಲ್ಲಿ ಇರಬೇಕಿತ್ತು. ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಹಾಕಿರಲಿಲ್ಲ. ಆ ಬಾಣ ಈಗ ನನ್ನ ಎಲ್ಲ ನಕ್ಷೆಯಲ್ಲೂ ಇರುತ್ತದೆ.

ಮರುವರ್ಷ ಫೆಬ್ರವರಿಯಲ್ಲಿ ಮೂರು ವಾರ ರಜೆ ಹಾಕಿ ಊರಿಗೆ ಹೋದೆ. ಟೇಪು ಹಿಡಿದು ಧರೆ ಅಳೆದೆವು. ಎತ್ತರ 306 ಸೆಂ.ಮೀ. ಮೆಟ್ಟಿಲಿಗೆ ಒಂದು ಹಳೆಯ ಲೆಕ್ಕ ಇದೆ. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲೋಂಡೆಲ್ ಹೇಳಿದ್ದು. ಎರಡು ಎತ್ತರ, ಒಂದು ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆ ಆಗಬೇಕು. ಇಲ್ಲಿ ಅದನ್ನು ಸುಮಾರು 63 ಸೆಂ.ಮೀ. ಅಂತ ಇಟ್ಟುಕೊಳ್ಳುತ್ತಾರೆ. ನಮಗೆ 17 ಸೆಂ.ಮೀ. ಎತ್ತರ, 29 ಸೆಂ.ಮೀ. ಅಗಲ ಸರಿಹೋಯಿತು. 18 ಏರು. ಕೊನೆಯ ಏರು ಮೇಲಿನ ನೆಲಕ್ಕೇ ಆದ್ದರಿಂದ 17 ಜಾಲರಿ ಮೆಟ್ಟಿಲು. ಒಂದೊಂದಕ್ಕೆ ಎರಡು ಬ್ರ್ಯಾಕೆಟ್. ಒಟ್ಟು 34.

ಈ 34 ತುಂಡುಗಳ ಬಗ್ಗೆಯೇ ನಾನು ಜಾಸ್ತಿ ಯೋಚಿಸಿದ್ದು. ಜರ್ಮನಿಯಲ್ಲಿ ಸಾಮಾನ್ಯವಾಗಿ ಜಾಲರಿಯ ಎರಡು ತುದಿಗೆ ದಪ್ಪ ಪಟ್ಟಿ ವೆಲ್ಡ್ ಮಾಡಿರುತ್ತಾರೆ. ಆ ಪಟ್ಟಿಯಲ್ಲಿ ಎರಡು ತೂತು, ಒಂದು ಗುಂಡಗೆ, ಇನ್ನೊಂದು ಉದ್ದಗೆ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಉದ್ದ ತೂತಿನಲ್ಲಿ ಸರಿಮಾಡಿಕೊಳ್ಳಬಹುದು. ಅಲ್ಲಿಂದ ಎಂ12, ಅಂದರೆ 12 ಮಿ.ಮೀ. ದಪ್ಪದ, ಬೋಲ್ಟ್ ಹಾಕಿ ನೇರ ತೊಲೆಗೆ ಬಿಗಿದರೆ ಮುಗಿಯಿತು. ಭಾರವೆಲ್ಲ ಬೋಲ್ಟಿನ ಮೇಲೆ. ಕಾಲಕಾಲಕ್ಕೆ ಬಂದು ನೋಡುವ ಜನ ಇದ್ದರೆ ಅದು ಸಾಕು. ನಮ್ಮ ಧರೆಯಲ್ಲಿ ನಾಲ್ಕು ತಿಂಗಳ ಮಳೆ, ಬೋಲ್ಟ್ ಸಡಿಲ ಆಗಿದೆಯಾ ಅಂತ ಇಂಬಳ ಕಚ್ಚಿಸಿಕೊಂಡು ಯಾರು ನೋಡುತ್ತಾರೆ? ಬೋಲ್ಟ್ ಬಿದ್ದೇಹೋದರೂ ಮೆಟ್ಟಿಲು ಬೀಳಬಾರದು. ಹಾಗಾಗಿ ಬೋಲ್ಟಿನ ಜೊತೆಗೆ ಕೆಳಗೊಂದು ಆಸರೆ ಕೊಟ್ಟೆ. 50×50×6 ಮಿ.ಮೀ. ಎಲ್ ಆಂಗಲ್, ಅಂದರೆ ಎಲ್ ಅಕ್ಷರದ ಆಕಾರದ ಉಕ್ಕು, 200 ಮಿ.ಮೀ. ಉದ್ದದ ತುಂಡು. ಜಾಲರಿ ಅದರ ಮೇಲೆ ಕೂರುತ್ತದೆ. ಬೋಲ್ಟ್ ಅದನ್ನು ಅಲುಗಾಡದ ಹಾಗೆ ಹಿಡಿಯುತ್ತದೆ.

ಆಂಗಲ್ ಅನ್ನು ಯಾವ ಕಡೆ ಮುಖ ಮಾಡಿ ಹಾಕಬೇಕು ಅನ್ನುವುದೂ ಮುಖ್ಯ. ಎಲ್ ಅಕ್ಷರದ ಹಾಗೇ ಹಾಕಿದರೆ ಮೂಲೆಯಲ್ಲಿ ನೀರು, ಮಣ್ಣು, ಕೊಳೆತ ಎಲೆ ನಿಲ್ಲುತ್ತದೆ. ಬೋರಲು ಹಾಕಿದರೆ ಚಪ್ಪಟೆ ಭಾಗ ಮೇಲೆ, ಕಾಲು ಕೆಳಗೆ. ನೀರು ಜಾರಿ ಹೋಗುತ್ತದೆ. ಅದನ್ನು ತೊಲೆಗೆ ಕೂರಿಸುವಾಗ ಸುತ್ತಲೂ ಸಂದಿಲ್ಲದ ಹಾಗೆ ಪೂರ್ತಿ ವೆಲ್ಡ್ ಬೇಕು. ಎರಡು ಉಕ್ಕಿನ ನಡುವೆ ಕೂದಲೆಳೆ ಸಂದು ಇದ್ದರೆ ಮಲೆನಾಡಿನ ಮಳೆ ಅದನ್ನು ಹುಡುಕಿಕೊಂಡು ಒಳಗೆ ಹೋಗುತ್ತದೆ.

ಭಾರದ ಲೆಕ್ಕವನ್ನೂ ಅಪ್ಪಯ್ಯನ ಜೊತೆ ಕೂತು ಮಾಡಿದೆ. ಯುರೋಪಿನಲ್ಲಿ ಯಂತ್ರಗಳ ಬಳಿಯ ಇಂಥ ಮೆಟ್ಟಿಲಿಗೆ ಒಂದು ನಿಯಮ ಇದೆ. ಮೆಟ್ಟಿಲಿನ ಮುಂದಿನ ಅಂಚಿನ ನಡುವೆ ಅಂಗೈ ಅಗಲದ ಜಾಗದಲ್ಲಿ ಸುಮಾರು 150 ಕಿಲೋ ಹೇರಿದರೂ ಅದು ಉದ್ದದ 300ನೇ ಒಂದು ಭಾಗಕ್ಕಿಂತ ಹೆಚ್ಚು ಬಗ್ಗಬಾರದು. ನಮ್ಮ ಮೆಟ್ಟಿಲು 90 ಸೆಂ.ಮೀ. ಉದ್ದ. ಅಂದರೆ 3 ಮಿಲಿಮೀಟರ್. "ಒಬ್ಬ ಆಳು, ಹೆಗಲ ಮೇಲೆ 50 ಕಿಲೋ ಗೊಬ್ಬರದ ಚೀಲ," ಅಂದರು ಅಪ್ಪಯ್ಯ. "ಆದ್ರೂ ಇನ್ನೂ ಜಾಗ ಉಳೀತು." ಅವರಿಗೆ ಲೆಕ್ಕ ಒಪ್ಪಿಗೆಯಾಯಿತು.

ಅಮ್ಮನ ತಕರಾರು ಬೇರೆ. ಅವಳು ತೋಟಕ್ಕೆ ಹೋಗುವುದು ಬರಿಗಾಲಲ್ಲಿ. ಕಾರ್ಖಾನೆಯ ಜಾಲರಿಯ ಕಣ್ಣು ದೊಡ್ಡದು, ಪಟ್ಟಿಯ ಅಂಚು ಪಾದಕ್ಕೆ ಒತ್ತುತ್ತದೆ. ಜಾರದಿರಲಿ ಅಂತ ಗರಗಸದ ಹಲ್ಲಿನ ಹಾಗೆ ಕೊರೆದ ಪಟ್ಟಿಯೂ ಸಿಗುತ್ತದೆ, ಬೂಟು ಹಾಕುವವರಿಗೆ ಅದು ಒಳ್ಳೆಯದು. ಬರಿಗಾಲಿಗೆ ಬೇಡವೇ ಬೇಡ. ಇಲ್ಲಿ ಮನೆಬಾಗಿಲ ಮುಂದೆ ಹಾಕುವ ಜಾಲರಿಯ ಕಣ್ಣು 30×10 ಮಿ.ಮೀ., ಹೈ ಹೀಲ್ಡ್ ಚಪ್ಪಲಿಯ ಹಿಮ್ಮಡಿ ಸಿಕ್ಕಿಕೊಳ್ಳದಿರಲಿ ಅಂತ. ಅದೇ ಅಳತೆಯನ್ನು ಅಮ್ಮನ ಪಾದಕ್ಕೆ ಆರಿಸಿದೆ. ಖರ್ಚು ಜಾಸ್ತಿಯಾಯಿತು. ಕಾಲ ಕೆಳಗೆ ನೆಲ ಅಷ್ಟಾಗಿ ಕಾಣದ ಕಾರಣ ತಲೆ ಸುತ್ತುವ ಭಯವೂ ಹೋಯಿತು. ಅದನ್ನು ನಾನು ಯೋಚಿಸಿರಲಿಲ್ಲ, ಅವಳೇ ಹೇಳಿದಳು.

ಕೆಲಸ ಶಿವಮೊಗ್ಗದ ಇನ್ನೊಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ಆಯಿತು. ನಾನು ಹಟ ಹಿಡಿದದ್ದು ಒಂದಕ್ಕೆ. ಕೊರೆಯುವುದು, ವೆಲ್ಡ್ ಮಾಡುವುದು ಎಲ್ಲ ಮೊದಲು, ಸತು ಕೊನೆಗೆ. ಉಕ್ಕನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಮೂಲೆ ಮೂಲೆಗೂ ಅದು ಹೋಗಿ ಕೂರುತ್ತದೆ. ಮೇಲೆ ಗೀರು ಬಿದ್ದರೂ ಅಕ್ಕಪಕ್ಕದ ಸತು ತಾನು ಸವೆದು ಉಕ್ಕನ್ನು ಕಾಪಾಡುತ್ತದೆ. ಆದರೆ ಆಮೇಲೆ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದೆ. ಆ ಹೊಗೆ ವೆಲ್ಡ್ ಮಾಡುವವರ ಎದೆಗೂ ಕೆಟ್ಟದ್ದು. ಹಾಗಾಗಿ ಮನೆಗೆ ಬಂದ ಮೇಲೆ ಬರೀ ಬೋಲ್ಟ್ ಬಿಗಿಯುವ ಕೆಲಸ ಇರಬೇಕು, ವೆಲ್ಡಿಂಗ್ ಮೆಷಿನ್ ಧರೆಗೆ ಇಳಿಯಲೇಬಾರದು. ತೊಲೆ ಸುಮಾರು 5.8 ಮೀಟರ್ ಉದ್ದ, ನಮಗೆ ಸಿಕ್ಕ ತೊಟ್ಟಿಗೆ ಹಿಡಿಯಲಿಲ್ಲ. ಎರಡು ತುಂಡು ಮಾಡಿ, ನಡುವೆ ಬೋಲ್ಟ್ ಹಾಕುವ ಹಾಗೆ ಮಾಡಿ ಬೆಂಗಳೂರಿಗೆ ಕಳಿಸಿ ಸತು ಹಿಡಿಸಿ ತರಿಸಿದೆವು.

ಧರೆಯ ಜಂಬಿಟ್ಟಿಗೆ ಗೋಡೆಗೇ ಬೋಲ್ಟ್ ಹೊಡೆಯೋಣ ಅಂತ ಚಿಕ್ಕಪ್ಪ ಹೇಳಿದ್ದರು. ಜಂಬಿಟ್ಟಿಗೆ ಮೆತ್ತಗೆ, ತೂತು ತೂತು. ಅದು ಬೋಲ್ಟನ್ನು ಹಿಡಿದಿಡುವುದಿಲ್ಲ. ಮೇಲೆ, ಕೆಳಗೆ ಕಾಂಕ್ರೀಟ್ ಪಾಯ ಹಾಕಿಸಿದೆವು.

ಜೋಡಿಸಿದ್ದು ಒಂದೇ ದಿನದಲ್ಲಿ. 68 ಬೋಲ್ಟ್. ಅಪ್ಪಯ್ಯ, ಚಿಕ್ಕಪ್ಪ, ಶಾಪಿನ ಇಬ್ಬರು ಹುಡುಗರು, ನಾನು. ಮಧ್ಯಾಹ್ನ ಅಮ್ಮ ಮಜ್ಜಿಗೆ ಹಿಡಿದು ಬಂದಾಗ 11 ಮೆಟ್ಟಿಲು ಕೂತಿದ್ದವು. ಹಳೆಯ ಕಲ್ಲು ಚಪ್ಪಡಿಗಳನ್ನು ಕೀಳಲು ಅಪ್ಪಯ್ಯ ಒಪ್ಪಲಿಲ್ಲ. ಅವು ಈಗಲೂ ಪಕ್ಕದಲ್ಲಿ ಹಾಗೇ ಇವೆ.

ಹೊರಡುವ ಹಿಂದಿನ ದಿನ ಅಪ್ಪಯ್ಯನ ಕೈಗೆ 18-19ರ ಸ್ಪ್ಯಾನರ್ ಒಂದನ್ನು ಕೊಟ್ಟೆ. ಮಳೆಗಾಲದ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಎಲ್ಲ ಬೋಲ್ಟ್ ಬಿಗಿದು ನೋಡಿ ಅಂತ ಹೇಳಿದೆ. ಅವರು ಅದನ್ನು ಅಡಿಕೆ ಸುಲಿಯುವ ಕತ್ತಿಯ ಪಕ್ಕ ನೇತುಹಾಕಿದರು.

ಈ ಜುಲೈನಲ್ಲಿ ಒಂದು ರಾತ್ರಿ, ಊರಲ್ಲಿ ಆಗ ಬೆಳಿಗ್ಗೆ, ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಮೆಟ್ಟಿಲ ಅಡಿಯಿಂದ ತೆಗೆದದ್ದು. ಅಷ್ಟು ಮಳೆಯಲ್ಲಿ ಅವರು ಮತ್ತೆ ಬಗ್ಗಿ ನೋಡಿದ್ದಾರೆ. ಒಂಬತ್ತನೇ ಮೆಟ್ಟಿಲಿನ ಬ್ರ್ಯಾಕೆಟ್ ಹತ್ತಿರ ಕೆಂಪಗೆ ಏನೋ ಇತ್ತು. "ಇದು ಎರಡನೇ ರೋಸ್ಟಾ?" ಅಂತ ಕೇಳಿದ್ದರು. ನನ್ನ ಎದೆ ಹೊಡೆದುಕೊಂಡಿತು. ಬಟ್ಟೆಯಲ್ಲಿ ಒರೆಸಿ ನೋಡಿ ಅಂತ ಬರೆದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಫೋಟೋ. ಅದು ಧರೆಯಿಂದ ಸಿಡಿದ ಕೆಮ್ಮಣ್ಣು. ಒರೆಸಿದ ಜಾಗದಲ್ಲಿ ಸತು ಬೂದುಬಣ್ಣಕ್ಕೆ ಹಾಗೇ ಇತ್ತು. ಫೋಟೋದ ಮೇಲಿನ ಮೂಲೆಯಲ್ಲಿ, ಜಾಲರಿಯ ಸಂದಿಯಿಂದ, ಅಮ್ಮನ ಪಾದ ಕಾಣುತ್ತಿತ್ತು.